ಹಣ್ಣು ಕೊಯ್ಲು ಜೋರು, ಪಲ್ಪರ್ ಮಾತ್ರ ಒಂದೇ

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರಿನ ತರಬೇತಿ ಕೇಂದ್ರಗಳ ಫ್ಲೆಕ್ಸ್‌ಗಳಲ್ಲಿ ಈಗ ‘ಎಐ’ ಮತ್ತು ‘ಅಜೈಲ್’ ಪದಗಳು ಜೋಡಿಯಾಗಿಯೇ ಕಾಣಿಸುತ್ತಿವೆ. ಮೂವತ್ತು ದಿನದಲ್ಲಿ ಸ್ಕ್ರಮ್ ಮಾಸ್ಟರ್, ಅರವತ್ತು ದಿನದಲ್ಲಿ ಎಐ ಎಂಜಿನಿಯರ್ ಎಂಬ ಧಾಟಿಯ ಜಾಹೀರಾತುಗಳವು. ಊರಲ್ಲೇ ಕುಳಿತು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಕೆಲಸ ಮಾಡುವವರು ಈ ಎರಡೂ ಜಿಲ್ಲೆಗಳಲ್ಲಿ ಈಗ ಸಾಕಷ್ಟು ಮಂದಿ ಇದ್ದಾರೆ. ಆ ಕೆಲಸದೊಳಗೆ ನಿಜಕ್ಕೂ ಏನು ಬದಲಾಗಿದೆ ಎಂಬುದನ್ನು ಮಕ್ಕಳ ಫೀಸು ಕಟ್ಟುವ ಪೋಷಕರಿಗೂ ಕಾಲೇಜುಗಳ ಮೇಷ್ಟ್ರುಗಳಿಗೂ ತಿಳಿಸಬೇಕೆಂದು ಈ ಪತ್ರ.

ಸಾಫ್ಟ್‌ವೇರ್ ಕಟ್ಟುವ ಪದ್ಧತಿಯಾದ ಅಜೈಲ್ ಹೊಸದೇನಲ್ಲ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಬರೆದ ಪ್ರಣಾಳಿಕೆ ಅದರ ಬುಡ. ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡನ್ನೂ ಮುಗಿಸಿ ಬಳಕೆದಾರರಿಗೆ ತೋರಿಸಿ, ತಪ್ಪಿದ್ದರೆ ಅಲ್ಲೇ ತಿದ್ದಿಕೊಂಡು ಮುಂದೆ ಹೋಗುವ ಪದ್ಧತಿ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಕ್ರಮ್‌ನ (ಅದು ತಂಡದಲ್ಲಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವರೇ ಸ್ಕ್ರಮ್ ಮಾಸ್ಟರ್) ನಿಯಮಗಳು 2020ರ ಪರಿಷ್ಕೃತ ಗೈಡ್‌ನಲ್ಲಿ ಹೀಗಿವೆ: ಸ್ಪ್ರಿಂಟ್ (ಒಂದು ಸುತ್ತಿನ ಕೆಲಸದ ಅವಧಿ) ಒಂದು ತಿಂಗಳು ಮೀರಬಾರದು, ದಿನದ ಸಭೆ 15 ನಿಮಿಷ, ತಂಡ ಸಾಮಾನ್ಯವಾಗಿ ಹತ್ತು ಜನರೊಳಗೆ. ಒಂದು ಸ್ಪ್ರಿಂಟಿಗೆ ಎಷ್ಟು ಕೆಲಸ ಹಿಡಿಸೀತು ಎಂಬ ಅಂದಾಜನ್ನು ತಂಡಗಳು ಇಷ್ಟು ವರ್ಷ ಹಾಕಿಕೊಂಡು ಬಂದದ್ದು ಕೋಡ್ ಬರೆಯಲು ಸಮಯ ಹಿಡಿಯುತ್ತದೆ ಎಂಬ ಅನುಭವದ ಮೇಲೆ. 2022ರಲ್ಲಿ ಕೋಡ್ ಬರೆದುಕೊಡುವ ಎಐ ಉಪಕರಣ ಗಿಟ್‌ಹಬ್ ಕೋಪೈಲಟ್ ಎಲ್ಲರಿಗೂ ಸಿಕ್ಕಿತು, ಅದೇ ವರ್ಷದ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಅಲ್ಲಿಂದಾಚೆಗೆ ಕೋಡ್ ಬರೆಯುವುದು ಸಲೀಸು, ಬರೆದದ್ದು ಸರಿಯಿದೆಯೇ ಎಂದು ನೋಡುವುದೇ ತ್ರಾಸ.

ಅರೇಬಿಕಾ ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಳು ಇಮ್ಮಡಿಯಾಗಿ ಸಂಜೆಗೆ ಹಣ್ಣಿನ ಚೀಲ ಇಮ್ಮಡಿ ಬಂದು ಬಿದ್ದರೂ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಒಂದೇ ಇದ್ದರೆ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ ಬೀಜ) ಇಮ್ಮಡಿಯಾಗುವುದಿಲ್ಲ. ಅಂದೇ ಪಲ್ಪ್ ಆಗದ ಹಣ್ಣು ರಾಶಿಯಲ್ಲೇ ಬಿಸಿಯೇರಿ ಹುಳಿಯುತ್ತದೆ. ಸಾಫ್ಟ್‌ವೇರ್ ತಂಡದಲ್ಲಿ ಪಲ್ಪರ್ ಎಂದರೆ ಕೋಡ್ ರಿವ್ಯೂ ಮಾಡುವ, ಅಂದರೆ ಬರೆದದ್ದನ್ನು ಓದಿ ತಪ್ಪು ಹುಡುಕುವ, ಇಬ್ಬರು ಮೂವರು ಹಿರಿಯರು.

ಅಂಕಿ ಅಂಶವೂ ಇದೆ. ಮೆಟರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಮಂದಿ ಅನುಭವಿ ಡೆವಲಪರ್‌ಗಳು ತಮಗೆ ಚೆನ್ನಾಗಿ ಗೊತ್ತಿದ್ದ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಬಹುದಾದ) ಯೋಜನೆಗಳಲ್ಲಿ 246 ಕೆಲಸ ಮಾಡಿದರು. ಎಐ ಬಳಸಿದಾಗ ಹಿಡಿದ ಸಮಯ ಶೇ 19ರಷ್ಟು ಹೆಚ್ಚು. ತಮಾಷೆಯೆಂದರೆ, ಎಲ್ಲ ಮುಗಿದ ಮೇಲೂ ಅವರು ಶೇ 20ರಷ್ಟು ಬೇಗ ಮುಗಿಸಿದೆವು ಎಂದೇ ನಂಬಿದ್ದರು. ಇದು ದೊಡ್ಡ, ಹಳೆಯ ಯೋಜನೆಗಳಲ್ಲಿ ಪಳಗಿದವರ ಮಾತು. ಹೊಸದಾಗಿ ಒಂದು ಚಿಕ್ಕ ಆ್ಯಪ್ ಕಟ್ಟುವವರಿಗೆ ಇದೇ ಲೆಕ್ಕ ಅನ್ವಯಿಸಬೇಕೆಂದಿಲ್ಲ, ಉಪಕರಣಗಳೂ ಬದಲಾಗುತ್ತಲೇ ಇವೆ. ಸಾಫ್ಟ್‌ವೇರ್ ತಂಡಗಳ ಕೆಲಸವನ್ನು ಅಧ್ಯಯನ ಮಾಡುವ ಗೂಗಲ್‌ನ ಡೋರಾ ತಂಡದ 2024ರ ವರದಿಯಲ್ಲೂ ಎಐ ಬಳಕೆ ಶೇ 25ರಷ್ಟು ಹೆಚ್ಚಿದಲ್ಲಿ ಬಿಡುಗಡೆಯ ಸ್ಥಿರತೆ (ಬಿಡುಗಡೆಯಾದ ಸಾಫ್ಟ್‌ವೇರ್ ಕೆಡದೆ ನಡೆಯುವುದು) ಅಂದಾಜು ಶೇ 7.2ರಷ್ಟು ಇಳಿದಿತ್ತು. ಒಂದೊಂದು ಬದಲಾವಣೆಯ ಗಾತ್ರ ಬೆಳೆಯುತ್ತಿರುವುದೇ ಕಾರಣವಿರಬೇಕು ಎಂಬುದು ಆ ವರದಿಯವರ ಊಹೆ. ಬುದ್ಧಿಗೆ ಒಪ್ಪುವ ಊಹೆ.

ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ನೋಡಿ. ಕಾಫಿ ಖರೀದಿದಾರರಿಗೆ ಒಂದು ತಂತ್ರಾಂಶ ಬೇಕಾಗಿದೆ ಎಂದುಕೊಳ್ಳಿ. ಬ್ಯಾಕ್‌ಲಾಗ್‌ನಲ್ಲಿರುವ (ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿರುವ) ಸ್ಟೋರಿ, ಅಂದರೆ ಬಳಕೆದಾರರಿಗೆ ಬೇಕಾದದ್ದರ ಚಿಕ್ಕ ವಿವರಣೆ, ಇಷ್ಟೇ: ‘ಬೆಳೆಗಾರರು ತಂದ ಚೆರಿಯ ತೂಕ, ಔಟ್‌ಟರ್ನ್, ದರ ನಮೂದಿಸಿದರೆ ಕೊಡಬೇಕಾದ ಹಣ ಕಾಣಬೇಕು.’ ನಮ್ಮಲ್ಲಿ ಔಟ್‌ಟರ್ನ್ 26 ಎಂದರೆ 50 ಕೆ.ಜಿ. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ 26 ಕೆ.ಜಿ. ಹಸನಾದ ಬೀಜ. ಎಐಗೆ ಈ ರೂಢಿಯನ್ನು ಯಾರೂ ಹೇಳಿಲ್ಲ. ಕೇಳಿ ತಿಳಿದುಕೊಳ್ಳುವ ಬದಲು ಅದು 26 ಎಂದರೆ ಶೇಕಡಾ 26 ಎಂದು ಊಹಿಸಿಕೊಂಡರೆ, 5,000 ಕೆ.ಜಿ. ಚೆರಿಗೆ ಬರಬೇಕಾದ 2,600 ಕೆ.ಜಿ. ಬದಲು 1,300 ಕೆ.ಜಿ. ಬರುತ್ತದೆ. ಬೆಳೆಗಾರನ ಹಣ ಅರ್ಧಕ್ಕರ್ಧ ಹೋಯಿತು.

ಇಷ್ಟೇ ಆಗಿದ್ದರೆ ಟೆಸ್ಟಿಂಗ್‌ನಲ್ಲಿ ಸಿಕ್ಕಿಬೀಳುತ್ತಿತ್ತು. ಆದರೆ ಟೆಸ್ಟ್‌ಗಳನ್ನೂ ಅದೇ ಎಐ ಕೈಲಿ ಬರೆಸಿದರೆ ಅವು ‘5,000ಕ್ಕೆ 1,300 ಬರಬೇಕು’ ಎಂದೇ ಬರೆದುಕೊಂಡಿರುತ್ತವೆ. ಎಲ್ಲ ಹಸಿರು, ಎಲ್ಲ ಪಾಸ್. ಪ್ರಶ್ನೆಪತ್ರಿಕೆ ಬರೆದವನೇ ಉತ್ತರ ಬರೆದು, ಅವನೇ ಅಂಕ ಹಾಕಿದಂತೆ. ಸ್ಪ್ರಿಂಟ್ ಕೊನೆಯ ಡೆಮೊದಲ್ಲಿ ಕಾಫಿ ಬಲ್ಲವರು ಒಬ್ಬರೂ ಕೂತಿರದಿದ್ದರೆ ಈ ತಪ್ಪು ನೇರ ಕಾಫಿ ತೂಗುವ ಕಾಂಟಾಗೇ ಹೋಗುತ್ತದೆ.

ಇದಕ್ಕೆ ಮದ್ದು ಹಳೆಯದೇ, ಆದರೆ ಈಗ ತಪ್ಪಿಸಿಕೊಳ್ಳುವಂತಿಲ್ಲ. ಎಐಗೆ ಕೆಲಸ ಕೊಡುವ ಮುಂಚೆ ಪ್ರಾಡಕ್ಟ್ ಓನರ್ (ಏನು ಕಟ್ಟಬೇಕೆಂದು ತೀರ್ಮಾನಿಸುವವರು) ಆದವರು ತೋಟದ ಲೆಕ್ಕ ಬರೆಯುವ ರೈಟರ್ ಜೊತೆಗೋ ಕಾಂಟಾದಲ್ಲಿ ಕೂರುವವರ ಜೊತೆಗೋ ಕೂತು ಕನಿಷ್ಠ ಮೂರು ಲೆಕ್ಕವನ್ನು ಕೈಯಲ್ಲೇ ಮಾಡಿ ಸ್ಟೋರಿಯಲ್ಲಿ ಬರೆಯಬೇಕು. ಒಂದು ಮಾಮೂಲಿ ಲೆಕ್ಕ: 5,000 ಕೆ.ಜಿ., ಔಟ್‌ಟರ್ನ್ 26, ಬಂದದ್ದು 2,600. ಒಂದು ಅಡ್ಡಾದಿಡ್ಡಿ ಲೆಕ್ಕ: 4,987 ಕೆ.ಜಿ.ಗೆ 2,593.24 ಬರುತ್ತದೆ, ಆ 240 ಗ್ರಾಂ ಯಾರ ಪಾಲಿಗೆ? ಇನ್ನೊಂದು, ಔಟ್‌ಟರ್ನ್ ಖಾನೆ ಖಾಲಿ ಬಿಟ್ಟರೆ ಏನಾಗಬೇಕು ಎಂಬುದು. ಈ ಮೂರೂ ಮನುಷ್ಯರು ಬರೆದ ಟೆಸ್ಟ್ ಆಗಬೇಕು. ಅವನ್ನು ತಿದ್ದುವ ಅಧಿಕಾರ ಎಐಗೆ ಇರಬಾರದು, ಏಕೆಂದರೆ ಟೆಸ್ಟ್ ಪಾಸಾಗದಿದ್ದಾಗ ಕೋಡ್ ಬಿಟ್ಟು ಟೆಸ್ಟನ್ನೇ ತಿದ್ದಿಬಿಡುವ ಚಾಳಿ ಈ ಉಪಕರಣಗಳಿಗಿದೆ.

ರಿವ್ಯೂ ವಿಷಯಕ್ಕೆ ಬಂದರೆ, ಒಮ್ಮೆ ಕೂತಾಗ ನೋಡುವುದು 200ರಿಂದ 400 ಸಾಲು ಮೀರಿದರೆ ಕಣ್ಣಿಗೆ ದೋಷ ಬೀಳುವುದು ಕಡಿಮೆಯಾಗುತ್ತದೆ ಎಂದು ಸಿಸ್ಕೋ ಕಂಪನಿಯಲ್ಲಿ ನಡೆದ ಹಳೆಯ ಅಧ್ಯಯನವೇ ಹೇಳಿದೆ. ಎಐ ಒಂದೇ ಏಟಿಗೆ 1,500 ಸಾಲು ಉಗುಳುತ್ತದೆ. ಆದ್ದರಿಂದ ಪುಲ್ ರಿಕ್ವೆಸ್ಟ್‌ಗೆ (ಒಮ್ಮೆಗೆ ರಿವ್ಯೂಗೆ ಕಳಿಸುವ ಬದಲಾವಣೆಗೆ) 400 ಸಾಲಿನ ಮಿತಿ ಹಾಕುವುದು, ಆರು ಜನರ ತಂಡದಲ್ಲಿ ಮೂರಕ್ಕಿಂತ ಹೆಚ್ಚು ರಿಕ್ವೆಸ್ಟ್ ರಿವ್ಯೂಗೆ ಕಾಯುತ್ತಿದ್ದರೆ ಹೊಸದನ್ನು ಶುರು ಮಾಡದಿರುವುದು ಒಳ್ಳೆಯದು. ಎಐ ಸೂಚಿಸಿದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ನಿಜಕ್ಕೂ ಇದೆಯೇ ಎಂದೂ ನೋಡಬೇಕು. 16 ಎಐ ಮಾದರಿಗಳಿಂದ ಬರೆಸಿದ 5.76 ಲಕ್ಷ ಕೋಡ್ ತುಣುಕುಗಳ ಅಧ್ಯಯನವೊಂದರಲ್ಲಿ ಸೂಚಿಸಲಾದ ಪ್ಯಾಕೇಜ್‌ಗಳಲ್ಲಿ (ಇಂಥ ಲೈಬ್ರರಿಗಳಲ್ಲಿ) ಹೆಚ್ಚುಕಡಿಮೆ ಐದರಲ್ಲೊಂದು ಇಲ್ಲದ್ದೇ ಆಗಿತ್ತು. ಅಂಥ ಹೆಸರಿನಲ್ಲೇ ವಿಷ ತುಂಬಿದ ಪ್ಯಾಕೇಜ್ ಇಟ್ಟು ಕಾಯುವವರಿದ್ದಾರೆ.

ಸ್ಟೋರಿ ಪಾಯಿಂಟ್‌ಗಳ, ಅಂದರೆ ಒಂದೊಂದು ಸ್ಟೋರಿಯ ಶ್ರಮಕ್ಕೆ ಹಾಕುವ ಅಂಕಗಳ, ಪಾಡು ಕೇಳುವುದೇ ಬೇಡ. ಬರೆಯುವ ಶ್ರಮ ತಗ್ಗಿತೆಂದು 13ರ ಸ್ಟೋರಿಗೆ 5 ಹಾಕುವ ತಂಡಗಳಿವೆ, ಹಳೆಯ ಅಂಕವನ್ನೇ ಹಾಕಿ ವೆಲಾಸಿಟಿ (ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಒಟ್ಟು ಅಂಕ) 30ರಿಂದ 50ಕ್ಕೆ ಏರಿತೆಂದು ಸ್ಲೈಡ್ ತೋರಿಸುವ ಮ್ಯಾನೇಜರ್‌ಗಳೂ ಇದ್ದಾರೆ. ಎರಡೂ ವ್ಯರ್ಥ. ಸ್ಟೋರಿ ಕೈಗೆತ್ತಿಕೊಂಡ ದಿನದಿಂದ ಬಳಕೆದಾರರ ಕೈ ಸೇರುವವರೆಗೆ ಎಷ್ಟು ದಿನ, ಮುಂದಿನ ಸ್ಪ್ರಿಂಟಿನಲ್ಲಿ ಎಷ್ಟು ದೂರು ವಾಪಸ್ ಬಂತು, ಇವೆರಡನ್ನು ಬರೆದಿಟ್ಟರೆ ಸಾಕು.

ಸಭೆಗಳಲ್ಲಿ ಎಐಯಿಂದ ನಿಜವಾದ ಉಪಕಾರವೂ ಆಗಿದೆ. ಯಾರು ಏನು ಮಾಡಿದರು ಎಂಬ ವರದಿಯನ್ನು ಅದು ಕೆಲಸಗಳ ಪಟ್ಟಿಯಿರುವ ಬೋರ್ಡ್‌ನಿಂದಲೇ ತೆಗೆದು ಬೆಳಿಗ್ಗೆ ಕಳಿಸಿಬಿಟ್ಟರೆ ದಿನದ ಸಭೆಯ ಆ 15 ನಿಮಿಷವನ್ನು ಅಡ್ಡಿಗಳ ಬಗ್ಗೆ ಮಾತಾಡಲು ಬಳಸಬಹುದು. ಆದರೆ ಮಾತು ಕೇಳಿ ಟಿಪ್ಪಣಿ ಬರೆಯುವ ಉಪಕರಣಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನಮ್ಮ ಸಭೆಗಳಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಕಲಸಿಕೊಂಡಿರುತ್ತವೆ. ‘ಶುಕ್ರವಾರ ಆಗಲ್ಲ’ ಎಂದದ್ದು ‘ಶುಕ್ರವಾರ ಆಗಲಿ’ ಎಂದು ದಾಖಲಾದರೆ ತೀರ್ಮಾನವೇ ತಲೆಕೆಳಗು. ಇನ್ನು ಸ್ಪ್ರಿಂಟ್ ಕೊನೆಯಲ್ಲಿ ನಡೆದದ್ದನ್ನು ಹಿಂತಿರುಗಿ ನೋಡುವ ರೆಟ್ರೊಸ್ಪೆಕ್ಟಿವ್ ಸಭೆಯಲ್ಲಿ ರೆಕಾರ್ಡರ್ ಆನ್ ಇದ್ದರೆ ಕಿರಿಯರು ಬಾಯಿ ಬಿಡುವುದೇ ಇಲ್ಲ. ಅಲ್ಲಿ ಅದನ್ನು ಆಫ್ ಮಾಡಿ, ಪೆನ್ನು ಹಿಡಿದು ಬರೆಯುವುದೇ ಲೇಸು.

ನಮಗೆ ಹೆಚ್ಚು ಚಿಂತೆ ಇರುವುದು ಕಿರಿಯರ ಕಲಿಕೆಯ ಬಗ್ಗೆ. ಹೊಸದಾಗಿ ಸೇರಿದವರು ಇಷ್ಟು ದಿನ ಕೆಲಸ ಕಲಿತದ್ದು ಚಿಲ್ಲರೆ ಕೆಲಸಗಳಿಂದ: ಒಂದು ದಿನಾಂಕದ ತಪ್ಪು, ಒಂದು ಖಾಲಿ ಖಾನೆಯ ತಪ್ಪು, ಒಂದು ನಿಧಾನವಾದ ಕ್ವೆರಿ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಆದೇಶ). ಈಗ ಅವೆಲ್ಲ ಎಐ ಪಾಲಾಗಿವೆ. ಇನ್ನೈದು ವರ್ಷಕ್ಕೆ ರಿವ್ಯೂ ಮಾಡುವ ಹಿರಿಯರು ಎಲ್ಲಿಂದ ಬರಬೇಕು? ಪ್ರತಿ ಸ್ಪ್ರಿಂಟಿನಲ್ಲೂ ಒಂದೆರಡು ಸಣ್ಣ ಸ್ಟೋರಿಗಳನ್ನು ಕಿರಿಯರಿಗೆಂದೇ ತೆಗೆದಿಡಬೇಕು. ಮೊದಲ ಅರ್ಧ ಗಂಟೆ ಎಐ ಮುಟ್ಟದೆ ತಪ್ಪು ಎಲ್ಲಿದೆ ಎಂದು ಅವರೇ ಹುಡುಕಿ, ತಮ್ಮ ಊಹೆಯನ್ನು ಎರಡು ಸಾಲಿನಲ್ಲಿ ಬರೆಯಲಿ. ಆಮೇಲೆ ಎಐ ಕೇಳಲಿ. ಅದು ಕೊಟ್ಟ ಉತ್ತರ ಓದಿ, ಕಿಟಕಿ ಮುಚ್ಚಿ, ಮತ್ತೆ ಕೈಯಾರೆ ಬರೆಯಲಿ. ಮಾರನೇ ದಿನ ಹಿರಿಯರೊಬ್ಬರು ಯಾವುದಾದರೂ ಒಂದು ಸಾಲಿಗೆ ಬೆರಳಿಟ್ಟು ‘ಇದು ಯಾಕೆ?’ ಎಂದಾಗ ಹೇಳಲು ಬರಬೇಕು. ಒಂದು ಸ್ಟೋರಿಗೆ ಇದರಿಂದ ಎರಡು ಮೂರು ಗಂಟೆ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರಿಗೆ ಎಐ ದೊಡ್ಡ ವರ ಎನ್ನಲು ನಮಗೆ ಸಂಕೋಚವಿಲ್ಲ. ತರಗತಿಯಲ್ಲಿ ಎದ್ದು ಕೇಳಲು ನಾಚುವ ಪ್ರಶ್ನೆಯನ್ನು ರಾತ್ರಿ ಹತ್ತಕ್ಕೆ ಕನ್ನಡದಲ್ಲೇ ಹತ್ತು ಸಲ ಕೇಳಬಹುದು. ಒಂದೇ ಕಿವಿಮಾತು: ‘ತಾಂತ್ರಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ, ವಿವರಣೆ ಮಾತ್ರ ಕನ್ನಡದಲ್ಲಿ ಕೊಡು’ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಥ್ರೆಡ್ ದಾರವಾಗಿ, ಸ್ಟ್ರಿಂಗ್ ಹಗ್ಗವಾಗಿ ನಗೆಪಾಟಲಾಗುತ್ತದೆ.

1960ರಲ್ಲಿ ಶುರುವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಎರಡೂ ಜಿಲ್ಲೆಗಳ ಪಾಲಿಟೆಕ್ನಿಕ್‌ಗಳವರೆಗೆ ನಮ್ಮದೊಂದು ಕೋರಿಕೆ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯ ದಪ್ಪ ನೋಡಿ ಅಂಕ ಕೊಡುವ ಕಾಲ ಮುಗಿಯಿತು. (ಮೊದಲು ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುತ್ತಿದ್ದರು, ಈಗ ಪುಕ್ಕಟೆ ಸಿಗುತ್ತದೆ. ಅಷ್ಟೇ ವ್ಯತ್ಯಾಸ.) ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಇತಿಹಾಸ ತೆರೆಸಿ ನೋಡಿ. ಹದಿನಾಲ್ಕು ವಾರದ ಕೆಲಸದಲ್ಲಿ ವಾರ ವಾರಕ್ಕೂ ನಾಲ್ಕಾರು ಕಮಿಟ್ (ದಾಖಲಾದ ಬದಲಾವಣೆ) ಇರಬೇಕು. ಕೊನೆಯ ವಾರ ಒಂದೇ ಕಮಿಟ್‌ನಲ್ಲಿ 4,000 ಸಾಲು ಬಂದಿದ್ದರೆ ವೈವಾದಲ್ಲಿ ಅಲ್ಲಿಂದಲೇ ಶುರು ಮಾಡಬಹುದು. ಜೊತೆಗೆ ಅಲ್ಲೇ ಒಂದು ಸಣ್ಣ ಬದಲಾವಣೆ ಕೊಡಿ, ಮೂವತ್ತು ನಿಮಿಷ ಸಮಯ ಕೊಡಿ. ಎಐ ಬಳಸಲಿ, ಅಡ್ಡಿಯಿಲ್ಲ. ಎಲ್ಲಿ ಕೈ ಹಾಕಬೇಕೆಂದು ವಿದ್ಯಾರ್ಥಿಗೆ ಗೊತ್ತಿದೆಯೇ ಎಂಬುದು ಮೊದಲ ಐದು ನಿಮಿಷದಲ್ಲೇ ತಿಳಿಯುತ್ತದೆ.

ಇನ್ನು ಫ್ಲೆಕ್ಸ್‌ಗಳ ವಿಷಯ. ಪಿಎಸ್‌ಎಂ (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್) ಮೊದಲ ಹಂತದ ಪರೀಕ್ಷೆ 60 ನಿಮಿಷದಲ್ಲಿ 80 ಪ್ರಶ್ನೆ, ಪಾಸಾಗಲು ಶೇ 85 ಬೇಕು. ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸುವ ಪರೀಕ್ಷೆ, ಅಂದರೆ ಎಐ ಲೀಲಾಜಾಲವಾಗಿ ಮಾಡುವ ಕೆಲಸ. ಆ ಪ್ರಮಾಣಪತ್ರವೊಂದನ್ನೇ ನೋಡಿ ಕೆಲಸ ಕೊಡುವವರು ಅಪರೂಪ. ಪೋಷಕರು ಫೀಸು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಲಿ: ತರಬೇತಿಯಲ್ಲಿ ನಿಜವಾದ ಬಳಕೆದಾರರಿಗೆ ಎಷ್ಟು ಸಲ ಡೆಮೊ ಕೊಡಿಸುತ್ತೀರಿ? ನಮ್ಮ ಮಗು ಬರೆದ ಕೋಡನ್ನು ಯಾರು, ವಾರಕ್ಕೆ ಎಷ್ಟು ಸಲ ರಿವ್ಯೂ ಮಾಡುತ್ತಾರೆ? ಉತ್ತರ ತಡವರಿಸಿದರೆ, ಆ ಪರೀಕ್ಷೆಗೆ ಕೂರಲು ಯಾವ ತರಬೇತಿಯೂ ಕಡ್ಡಾಯವಲ್ಲ ಎಂಬುದು ಗೊತ್ತಿರಲಿ. ಸ್ಕ್ರಮ್ ಗೈಡ್ ಪುಕ್ಕಟೆ ಸಿಗುತ್ತದೆ, ಹದಿನೈದು ಪುಟವೂ ಇಲ್ಲ.

ಇತಿ,
ಹಾಸನ, ಚಿಕ್ಕಮಗಳೂರಿನ ಕೆಲವು ಸಾಫ್ಟ್‌ವೇರ್ ಉದ್ಯೋಗಿಗಳು