ಬೆಂಚಿನಿಂದ ಎದ್ದು ಬಂದ ಗೋಲ್‌ಕೀಪರ್: ಫಿಲಡೆಲ್ಫಿಯಾದಿಂದ ಅಪ್ಪನಿಗೆ

ಫಿಲಡೆಲ್ಫಿಯಾ
ನವೆಂಬರ್ 8, 2022

ಪ್ರೀತಿಯ ಅಪ್ಪ,

ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಕಮ್ಮಿ ಆಗಿದೆ ಅಂತ ಅಣ್ಣ ಹೇಳಿದ. ಕೇಳಿ ಸಮಾಧಾನ ಆಯಿತು. ಬಿಸಿನೀರಿನ ಶಾಖ ಮಾತ್ರ ಬಿಡಬೇಡಿ ಅಂತ ಹೇಳಿ.

ಭಾನುವಾರ ಫೋನಿನಲ್ಲಿ "ನಿಮ್ಮ ಊರಿನ ಫುಟ್‌ಬಾಲ್ ಟೀಮು ಸೋತಿತಂತೆ?" ಅಂತ ಕೇಳಿದಿರಿ. "ಹೂಂ, ಪೆನಾಲ್ಟಿಯಲ್ಲಿ" ಅಂದು ಸುಮ್ಮನಾದೆ. ಆದರೆ ಅಷ್ಟಕ್ಕೇ ಮುಗಿಸುವ ಆಟ ಅಲ್ಲ ಅದು. ಅದರಲ್ಲೂ ನಿಮಗೆ ಹೇಳಲೇಬೇಕಾದ ಒಬ್ಬ ಮನುಷ್ಯ ಆ ಆಟದಲ್ಲಿದ್ದಾನೆ. ಫ್ಯಾಕ್ಟರಿ ಟೀಮಿನಲ್ಲಿ ನೀವು ಎಷ್ಟೋ ವರ್ಷ ಎರಡನೇ ಗೋಲ್‌ಕೀಪರ್ ಆಗಿ ಬೆಂಚಿನ ಮೇಲೆ ಕೂತವರು. ಅವನ ಕಥೆ ನಿಮಗೆ ಅರ್ಥ ಆಗುವಷ್ಟು ಇಲ್ಲಿ ಯಾರಿಗೂ ಆಗಲಿಕ್ಕಿಲ್ಲ. ಅದಕ್ಕೇ ಈ ಕಾಗದ.

ಮೊದಲು ಲೀಗಿನ ಲೆಕ್ಕ ಹೇಳಿಬಿಡುತ್ತೇನೆ. ಇಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಸಾಕರ್‌ನಲ್ಲಿ ಈ ವರ್ಷ 28 ಟೀಮು. ಪೂರ್ವ, ಪಶ್ಚಿಮ ಅಂತ ಎರಡು ಭಾಗ. ಎಲ್ಲರಿಗೂ 34 ಪಂದ್ಯ. ಎರಡೂ ಕಡೆಯಿಂದ ಮೊದಲ ಏಳು ಟೀಮು ಪ್ಲೇಆಫ್‌ಗೆ, ಅಂದರೆ ಕಪ್ಪಿಗಾಗಿ ಆಡುವ ಕೊನೆಯ ಹಂತಕ್ಕೆ ಬರುತ್ತವೆ. ಎರಡೂ ಕಡೆ ಎಲ್ಲರಿಗಿಂತ ಮೇಲಿರುವ ಟೀಮು ಮೊದಲ ಸುತ್ತು ಆಡಬೇಕಿಲ್ಲ. ಆಮೇಲೆ ಒಂದೊಂದೇ ಪಂದ್ಯ, ಸೋತರೆ ಮನೆಗೆ. ಫೈನಲ್ ಕೂಡ ಬೇರೆ ಯಾವುದೋ ಊರಲ್ಲಿ ಇರುವುದಿಲ್ಲ. ಪಾಯಿಂಟ್ ಪಟ್ಟಿಯಲ್ಲಿ ಮೇಲಿದ್ದವರ ಮೈದಾನದಲ್ಲೇ ನಡೆಯುತ್ತದೆ.

ಈ ವರ್ಷ ಪೂರ್ವದಲ್ಲಿ ನಮ್ಮ ಫಿಲಡೆಲ್ಫಿಯಾ ಯೂನಿಯನ್ ಮೊದಲು. ಪಶ್ಚಿಮದಲ್ಲಿ ಲಾಸ್ ಏಂಜಲೀಸ್‌ನ ಎಲ್‌ಎಎಫ್‌ಸಿ ಮೊದಲು. ಇಬ್ಬರದೂ 67 ಪಾಯಿಂಟು! ಎಲ್‌ಎಎಫ್‌ಸಿ ಗೆದ್ದದ್ದು 21, ಸೋತದ್ದು 9. ಯೂನಿಯನ್ ಗೆದ್ದದ್ದು 19, ಸೋತದ್ದು ಬರೀ 5. ಆದರೂ ಗೆಲುವು ಜಾಸ್ತಿ ಇದ್ದವರೇ ಮೇಲೆ ಅನ್ನುವುದು ಇಲ್ಲಿನ ನಿಯಮ. ಹಾಗಾಗಿ ಪಾಯಿಂಟ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಕೊಡುವ ಲೀಗಿನ ಶೀಲ್ಡೂ ಅವರಿಗೆ, ಫೈನಲ್ಲೂ ಅವರ ಮನೆಯಲ್ಲಿ. ಇದು ನನಗೆ ಇನ್ನೂ ಅರಗಿಲ್ಲ. ಸೋಲದೆ ಇರುವುದಕ್ಕೂ ಒಂದು ಬೆಲೆ ಇರಬೇಕು, ಅಲ್ವಾ? ಯೂನಿಯನ್ ಈ ವರ್ಷ ತಮ್ಮ ಮೈದಾನದಲ್ಲಿ ಒಂದೇ ಒಂದು ಪಂದ್ಯ ಸೋತಿರಲಿಲ್ಲ. ಆ ಫೈನಲ್ ಇಲ್ಲೇ ನಡೆದಿದ್ದರೆ ಅಂತ ಊರಿನವರೆಲ್ಲ ಹೇಳಿಕೊಳ್ಳುತ್ತಿದ್ದಾರೆ.

ಯೂನಿಯನ್ ಮೈದಾನ ಇರುವುದು ಫಿಲಡೆಲ್ಫಿಯಾ ಒಳಗಲ್ಲ, ಪಕ್ಕದ ಚೆಸ್ಟರ್ ಅನ್ನುವ ಪುಟ್ಟ ಊರಲ್ಲಿ. ಡೆಲವೇರ್ ನದಿ ದಂಡೆ, ಪಕ್ಕದಲ್ಲೇ ದೊಡ್ಡ ಕಬ್ಬಿಣದ ಸೇತುವೆ. 18,500 ಜನ ಹಿಡಿಸುವ ಸ್ಟೇಡಿಯಂ. ಇಲ್ಲಿನ ಅಭಿಮಾನಿಗಳ ವಿಷಯ ಕೇಳಿದರೆ ನಿಮಗೆ ಖುಷಿ ಆಗುತ್ತದೆ. ಟೀಮು ಆಡಲು ಶುರು ಮಾಡಿದ್ದು 2010ರಲ್ಲಿ. ಆದರೆ ಸನ್ಸ್ ಆಫ್ ಬೆನ್ ಅನ್ನುವ ಅಭಿಮಾನಿಗಳ ಸಂಘ 2007ರಲ್ಲೇ ಹುಟ್ಟಿತು. ಟೀಮೇ ಇಲ್ಲದಾಗ ಅಭಿಮಾನಿ ಸಂಘ! ನಮ್ಮ ಊರಿಗೆ ಒಂದು ಟೀಮು ಬೇಕು ಅಂತ ಕೂಗಿ ಕೂಗಿ ತರಿಸಿಕೊಂಡ ಜನ ಅವರು.

ಹೋದ ವರ್ಷದ ಸಂಕಟವನ್ನೂ ಹೇಳಬೇಕು, ಇಲ್ಲದಿದ್ದರೆ ಈ ವರ್ಷದ ದಾರಿ ಅರ್ಥ ಆಗುವುದಿಲ್ಲ. 2021ರ ಪೂರ್ವ ಭಾಗದ ಫೈನಲ್. ಎದುರಿಗೆ ನ್ಯೂಯಾರ್ಕ್ ಸಿಟಿ. ಪಂದ್ಯದ ಹೊತ್ತಿಗೆ ಕೋವಿಡ್ ನಿಯಮದಿಂದಾಗಿ ಯೂನಿಯನ್‌ನ 11 ಆಟಗಾರರು ಹೊರಗೆ ಕೂರಬೇಕಾಯಿತು. ಹನ್ನೊಂದು ಜನ ಅಂದರೆ ಇಡೀ ಒಂದು ಟೀಮು ಅಪ್ಪ. ಉಳಿದ ಹುಡುಗರು ಹೋರಾಡಿ 88ನೇ ನಿಮಿಷದ ಗೋಲಿಗೆ 2-1ರಲ್ಲಿ ಸೋತರು. ನ್ಯೂಯಾರ್ಕ್‌ನವರು ಮುಂದೆ ಹೋಗಿ ಕಪ್ಪನ್ನೂ ಗೆದ್ದರು.

ಈ ವರ್ಷ ಅದೇ ಹಂತ, ಅದೇ ಮೈದಾನ, ಅದೇ ನ್ಯೂಯಾರ್ಕ್. ಅದಕ್ಕೆ ಮೊದಲು ಸಿನ್ಸಿನಾಟಿಯನ್ನು ಒಂದೇ ಗೋಲಿನಿಂದ ಸೋಲಿಸಿದ್ದರು, ಆ ಪಂದ್ಯದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಅಕ್ಟೋಬರ್ 30ರಂದು ನ್ಯೂಯಾರ್ಕ್ 57ನೇ ನಿಮಿಷದಲ್ಲಿ ಮೊದಲ ಗೋಲು ಹೊಡೆಯಿತು. ಮತ್ತೆ ಅದೇ ಕಥೆಯಾ ಅಂತ ಎದೆ ಒಡೆದುಹೋಯಿತು. ಆಮೇಲೆ ನೋಡಿ, 65ರಲ್ಲಿ ಕರಾಂಜಾ, 67ರಲ್ಲಿ ಗಾಜ್ದಾಗ್, 76ರಲ್ಲಿ ಕೋರಿ ಬರ್ಕ್. 3-1. ಯೂನಿಯನ್ ಮೊದಲ ಸಲ ಲೀಗ್ ಫೈನಲ್‌ಗೆ ಬಂತು.

ಎಲ್‌ಎಎಫ್‌ಸಿ ದಾರಿಯೂ ಸುಲಭದ್ದಲ್ಲ. ಅವರಿಗೆ ಮೊದಲು ಸಿಕ್ಕಿದ್ದು ಅದೇ ಊರಿನ ಗ್ಯಾಲಕ್ಸಿ. ಅವರಿಬ್ಬರ ಪಂದ್ಯಕ್ಕೆ ಅಲ್ಲಿ ಎಲ್ ಟ್ರಾಫಿಕೊ ಅಂತಾರೆ. ಲಾಸ್ ಏಂಜಲೀಸ್‌ನ ವಾಹನಗಳ ದಟ್ಟಣೆಯಿಂದ ಬಂದ ಹೆಸರು, ನಮ್ಮ ಸಿಲ್ಕ್ ಬೋರ್ಡ್ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. 2-2 ಇದ್ದಾಗ ಇಂಜುರಿ ಟೈಮಿನಲ್ಲಿ ಅರಾಂಗೊ ಗೋಲು ಹೊಡೆದು ಗೆಲ್ಲಿಸಿದ. ಆಮೇಲೆ ಆಸ್ಟಿನ್ ಮೇಲೆ 3-0. ನಮ್ಮ ಆಸ್ಟಿನ್ ಟೌನ್ ಅಲ್ಲ, ಟೆಕ್ಸಾಸ್‌ನ ಆಸ್ಟಿನ್!

ಈಗ ಫೈನಲ್. ಶನಿವಾರ, ಇಲ್ಲಿ ಸಂಜೆ ನಾಲ್ಕು ಗಂಟೆಗೆ ಶುರು. ಆಫೀಸಿನ ಗೆಳತಿಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು.

28ನೇ ನಿಮಿಷದಲ್ಲಿ ಎಲ್‌ಎಎಫ್‌ಸಿಯ ಅಕೋಸ್ಟಾನ ಫ್ರೀ ಕಿಕ್ ಅಡ್ಡ ನಿಂತವರಿಗೆ ತಾಗಿ ದಿಕ್ಕು ಬದಲಿಸಿ ಒಳಗೆ ಹೋಯಿತು. ನಮ್ಮ ಕೀಪರ್ ಆಂಡ್ರೆ ಬ್ಲೇಕ್ ಏನೂ ಮಾಡುವಂತಿರಲಿಲ್ಲ. ಬ್ಲೇಕ್ ಜಮೈಕಾದವನು, ಈ ವರ್ಷ ಲೀಗಿನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಪಡೆದವನು. ಯೂನಿಯನ್ 34 ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು ಬರೀ 26 ಗೋಲು ಅಂದರೆ ಅದರಲ್ಲಿ ಅವನ ಪಾಲು ಎಷ್ಟು ಅಂತ ನಿಮಗೇ ಗೊತ್ತಾಗುತ್ತದೆ. 59ರಲ್ಲಿ ಗಾಜ್ದಾಗ್ ಸಮ ಮಾಡಿದ. 83ರಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಅವರ ಮುರಿಯೊ ತಲೆ ಕೊಟ್ಟ, 2-1. ಎರಡೇ ನಿಮಿಷ ಆಗಿತ್ತು, ವ್ಯಾಗ್ನರ್ ಹೊಡೆದ ಫ್ರೀ ಕಿಕ್ಕಿಗೆ ನಮ್ಮ ಡಿಫೆಂಡರ್ ಜ್ಯಾಕ್ ಎಲಿಯಟ್ ತಲೆ ಕೊಟ್ಟ, 2-2. ಎಕ್ಸ್‌ಟ್ರಾ ಟೈಮ್.

ಆಮೇಲೆ ನಡೆದದ್ದನ್ನು ನಿಧಾನವಾಗಿ ಬರೆಯುತ್ತೇನೆ.

ಎಕ್ಸ್‌ಟ್ರಾ ಟೈಮಿನ ಎರಡನೇ ಅರ್ಧ. ಬರ್ಕ್ ಚೆಂಡು ಹಿಡಿಯಲು ಗೋಲಿನತ್ತ ಓಡುತ್ತಿದ್ದ. ಎಲ್‌ಎಎಫ್‌ಸಿ ಕೀಪರ್ ಮ್ಯಾಕ್ಸಿಮ್ ಕ್ರೆಪೊ ಬಾಕ್ಸ್ ಬಿಟ್ಟು ನುಗ್ಗಿ ಬಂದು ಅಡ್ಡ ಬಿದ್ದ. ಇಬ್ಬರೂ ಡಿಕ್ಕಿ. ಕ್ರೆಪೊನ ಕಾಲಿನ ಮೂಳೆ ಮುರಿಯಿತು. ಬಿದ್ದಲ್ಲೇ ಚಿಕಿತ್ಸೆ ನಡೆಯುತ್ತಿತ್ತು, ಆಗಲೇ ರೆಡ್ ಕಾರ್ಡೂ ಬಂತು. ಅವನು ಕೆನಡಾದವನು. ಕೆನಡಾ 1986ರ ನಂತರ ಮೊದಲ ಸಲ ವಿಶ್ವಕಪ್‌ಗೆ ಹೋಗುತ್ತಿದೆ, ಇನ್ನೆರಡು ವಾರಕ್ಕೆ. ಅವನಿಗೆ ಅದು ತಪ್ಪಿಹೋಯಿತು. ಆ ಒಂದು ಗೋಲು ತಡೆಯಲು ಕಾಲನ್ನೂ ವಿಶ್ವಕಪ್ಪನ್ನೂ ಕೊಟ್ಟ. ಎದುರಾಳಿ ಟೀಮಿನವನು, ಆದರೂ ಟಿವಿ ಮುಂದೆ ಕೂತಿದ್ದ ನಾವ್ಯಾರೂ ಖುಷಿ ಪಡಲಿಲ್ಲ.

ಎಲ್‌ಎಎಫ್‌ಸಿಗೆ ಈಗ ಹತ್ತೇ ಜನ. ಬೆಂಚಿನಿಂದ ಎರಡನೇ ಕೀಪರ್ ಎದ್ದು ಬಂದ. ಹೆಸರು ಜಾನ್ ಮೆಕಾರ್ತಿ.

ಅಪ್ಪ, ಈ ಮೆಕಾರ್ತಿ ಫಿಲಡೆಲ್ಫಿಯಾದ ಹುಡುಗ! ಊರಿನ ಈಶಾನ್ಯ ಭಾಗದಲ್ಲಿ ಬೆಳೆದವನು, ಇಲ್ಲಿನ ಲಾ ಸಾಲ್ ಯೂನಿವರ್ಸಿಟಿಯಲ್ಲಿ ಓದಿ ಆಡಿದವನು. 2015ರಲ್ಲಿ ಯೂನಿಯನ್‌ಗೇ ಸೇರಿದ. ಆ ವರ್ಷ ಯುಎಸ್ ಓಪನ್ ಕಪ್ ಅನ್ನುವ ಇನ್ನೊಂದು ಫುಟ್‌ಬಾಲ್ ಟೂರ್ನಿಯ ಫೈನಲ್ ಚೆಸ್ಟರ್‌ನಲ್ಲೇ ನಡೆಯಿತು. 1-1 ಆಗಿ ಪೆನಾಲ್ಟಿಗೆ ಹೋಗುವುದು ಖಚಿತ ಆದಾಗ ಕೋಚ್ ಜಿಮ್ ಕರ್ಟಿನ್ ಬ್ಲೇಕ್‌ನನ್ನು ಹೊರಗೆ ಕರೆದು, ಪೆನಾಲ್ಟಿ ತಡೆಯಲಿ ಅಂತ ಇದೇ ಮೆಕಾರ್ತಿಯನ್ನು ಒಳಗೆ ಬಿಟ್ಟರು. ಎದುರಾಳಿ ಕಾನ್ಸಸ್ ಸಿಟಿ ಪೆನಾಲ್ಟಿಯಲ್ಲಿ 7-6ರಲ್ಲಿ ಗೆದ್ದಿತು. ಆಮೇಲೆ ಅವನು ಯೂನಿಯನ್ ಬಿಟ್ಟು ಟ್ಯಾಂಪಾ, ಮಯಾಮಿ ಅಂತ ಸುತ್ತಿ ಈ ವರ್ಷ ಲಾಸ್ ಏಂಜಲೀಸ್ ಸೇರಿದ್ದ. ಏಳು ವರ್ಷದ ನಂತರ ಎದುರಿಗೆ ಅದೇ ಯೂನಿಯನ್, ಅದೇ ಕೋಚ್, ಅದೇ ಬ್ಲೇಕ್.

ಗಾಯದ ಹೊತ್ತೆಲ್ಲ ಸೇರಿಸಿ ರೆಫರಿ ಜಾಸ್ತಿ ಸಮಯ ಕೊಟ್ಟರು. 124ನೇ ನಿಮಿಷದಲ್ಲಿ ಎಲಿಯಟ್ ಗೋಲಿನ ಹತ್ತಿರದಿಂದ ಮತ್ತೊಂದು ಹೊಡೆದ. 3-2! ಗೆಳತಿಯ ಮನೆ ಕೂಗಾಟದಲ್ಲಿ ಮುಳುಗಿತು. ಈ ಎಲಿಯಟ್ ಲಂಡನ್‌ನವನು. ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2017ರಲ್ಲಿ, 77ನೆಯವನಾಗಿ ಆಯ್ಕೆ ಆದವನು. ಅಷ್ಟು ಕೆಳಗೆ ಬಂದವರಲ್ಲಿ ಹೆಚ್ಚಿನವರು ಟೀಮಿನಲ್ಲಿ ಉಳಿಯುವುದೇ ಇಲ್ಲ. ಅಂಥವನು, ಅದೂ ಡಿಫೆಂಡರ್, ಫೈನಲ್‌ನಲ್ಲಿ ಎರಡು ಗೋಲು. ಕಪ್ಪು ಅವನದೇ ಅಂದುಕೊಂಡೆವು.

128ನೇ ನಿಮಿಷ. ಎಡಗಡೆಯಿಂದ ಎಲ್‌ಎಎಫ್‌ಸಿಯ ಪಲಾಸಿಯೊಸ್ ಚೆಂಡನ್ನು ಒಳಗೆ ತೂರಿದ. ಗ್ಯಾರೆತ್ ಬೇಲ್ ಜಿಗಿದ. ಹೌದು, ನೀವು ರಿಯಲ್ ಮ್ಯಾಡ್ರಿಡ್‌ನಲ್ಲಿ ನೋಡಿದ ಅದೇ ಬೇಲ್. ಆರೂವರೆ ಅಡಿ ಎತ್ತರದ ಎಲಿಯಟ್‌ನ ಮೇಲಿಂದ ಎದ್ದು ತಲೆ ಕೊಟ್ಟ. 3-3. ಎರಡು ಗೋಲು ಹೊಡೆದ ಎಲಿಯಟ್‌ನ ತಲೆ ಮೇಲಿಂದಲೇ ಅದು ಹೋಗಬೇಕಿತ್ತೇ? ನನಗೆ ಆ ಇಡೀ ಸಂಜೆಯಲ್ಲಿ ಎಲ್ಲಕ್ಕಿಂತ ನೋವಾದದ್ದು ಅದಕ್ಕೇ. ಕಪ್ಪು ಗೆದ್ದಿದ್ದರೆ ಈ ಊರಲ್ಲಿ ಅವನ ಪ್ರತಿಮೆ ನಿಲ್ಲಿಸುತ್ತಿದ್ದರು.

ಪೆನಾಲ್ಟಿ. ಗಾಜ್ದಾಗ್ ಓಡಿ ಬಂದು ಕಾಲು ಜಾರಿದ, ಚೆಂಡು ಮೇಲಿಂದ ಹೋಯಿತು. ಈ ವರ್ಷ ಲೀಗಿನಲ್ಲಿ 22 ಗೋಲು ಹೊಡೆದವನು ಅವನು. ಎಲ್‌ಎಎಫ್‌ಸಿಯ ಮೊದಲ ಒದೆತವನ್ನು ಬ್ಲೇಕ್ ತಡೆದ. ನಂತರ ಮೆಕಾರ್ತಿಯ ಸರದಿ. ಮಾರ್ಟಿನೆಜ್ ಒದ್ದದ್ದನ್ನು ಹಿಡಿದು ನಿಲ್ಲಿಸಿದ. ವ್ಯಾಗ್ನರ್ ಒದ್ದದ್ದನ್ನೂ ತಡೆದ. ಅತ್ತ ಬುವಾಂಗಾ, ಹಾಲಿಂಗ್ಸ್‌ಹೆಡ್, ಇಲಿಯೆ ಸ್ಯಾಂಚೆಜ್ ಮೂವರೂ ಗೋಲು. 3-0. ನಮ್ಮವರಿಗೆ ಒಂದೂ ದಕ್ಕಲಿಲ್ಲ. ಪಂದ್ಯದ ಶ್ರೇಷ್ಠ ಆಟಗಾರ ಜಾನ್ ಮೆಕಾರ್ತಿ.

ನಮ್ಮ ಊರಿನ ಕೈಯಿಂದ ಕಪ್ಪು ಕಿತ್ತುಕೊಂಡವನು ನಮ್ಮ ಊರಿನವನೇ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗುತ್ತಿಲ್ಲ ಅಪ್ಪ. ಅಲ್ಲಿದ್ದವರಲ್ಲಿ ಕೆಲವರು ಬೈದರು. ನಾನು ಮಾತ್ರ ಅವನು ಬೆಂಚಿನಿಂದ ಎದ್ದು ಗ್ಲೌಸು ಹಾಕಿಕೊಂಡ ಆ ಹೊತ್ತನ್ನೇ ಯೋಚಿಸುತ್ತಿದ್ದೆ. ಮೈ ಬಿಸಿ ಆಗಿಲ್ಲ. ಒಂದು ಚೆಂಡನ್ನೂ ಮುಟ್ಟಿಲ್ಲ. ಗೆಳೆಯನ ಕಾಲು ಮುರಿದದ್ದನ್ನು ಕಣ್ಣಾರೆ ಕಂಡು ಅವನ ಜಾಗದಲ್ಲಿ ನಿಲ್ಲಬೇಕು. ಬಂದ ಸ್ವಲ್ಪ ಹೊತ್ತಿಗೇ ಒಂದು ಗೋಲು ಬಿಡಬೇಕಾಯಿತು. ಅಷ್ಟಾದ ಮೇಲೂ ಪೆನಾಲ್ಟಿಗೆ ತಲೆ ಎತ್ತಿ ನಿಂತನಲ್ಲ! "ರಿಸರ್ವ್ ಕೀಪರ್ ಆಡುವುದು ಬೇರೆಯವರಿಗೆ ಕೆಟ್ಟದಾದ ದಿನ" ಅಂತ ನೀವು ಹೇಳುತ್ತಿದ್ದಿರಿ. ಆ ಮಾತು ಎಷ್ಟು ಭಾರದ್ದು ಅಂತ ಶನಿವಾರ ಗೊತ್ತಾಯಿತು.

ನನಗೆ 2018ರ ಕಂಠೀರವ ಕೂಡ ನೆನಪಾಯಿತು. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ ಬಂದ ಮೊದಲ ವರ್ಷ. 40 ಪಾಯಿಂಟು, ಎರಡನೇ ಸ್ಥಾನದ ಚೆನ್ನೈಗಿಂತ ಎಂಟು ಜಾಸ್ತಿ. ಫೈನಲ್ ನಮ್ಮ ಮನೆಯಲ್ಲೇ. ಒಂಬತ್ತನೇ ನಿಮಿಷದಲ್ಲಿ ಛೇಟ್ರಿ ಗೋಲು ಹೊಡೆದಾಗ ನೀವು ನನ್ನ ಭುಜ ಹಿಡಿದು ಅಲ್ಲಾಡಿಸಿದ್ದಿರಿ. ಆಮೇಲೆ ಚೆನ್ನೈನ ಮೈಲ್ಸನ್‌ನ ಎರಡು ಹೆಡ್ಡರ್, 3-2ರ ಸೋಲು. ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಇಡೀ ವರ್ಷ ಚೆನ್ನಾಗಿ ಆಡಿದವರಿಗೆ ಒಂದೇ ಸಂಜೆಯಲ್ಲಿ ಎಲ್ಲ ಹೋಗಿಬಿಡುವ ಈ ಪದ್ಧತಿ ನನಗೆ ಆಗಲೂ ಒಪ್ಪಿಗೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಈ ಪದ್ಧತಿ ಇಲ್ಲದಿದ್ದರೆ ಮೆಕಾರ್ತಿಯಂಥವನಿಗೆ ಇಂಥ ಒಂದು ಸಂಜೆ ಎಂದಾದರೂ ಸಿಗುತ್ತಿತ್ತೇ? ಇದಕ್ಕೆ ನೀವೇನು ಹೇಳುತ್ತೀರಿ ಅಂತ ಬರೆಯಿರಿ.

ಊರಿನ ಸಂಕಟ ಅಲ್ಲಿಗೇ ಮುಗಿಯಲಿಲ್ಲ. ಅದೇ ರಾತ್ರಿ ಎಂಟಕ್ಕೆ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ನಮ್ಮ ಫಿಲ್ಲೀಸ್ ಟೀಮು ಹ್ಯೂಸ್ಟನ್‌ನಲ್ಲಿ 4-1ರಲ್ಲಿ ಸೋತು ಸರಣಿ ಕಳೆದುಕೊಂಡಿತು. ಒಂದೇ ದಿನ ಎರಡು ಪಟ್ಟ ಹೋದವು. ಭಾನುವಾರ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಎಲ್ಲರೂ ಸಪ್ಪಗೆ ಕೂತಿದ್ದರು. ಫಿಲ್ಲೀಸ್‌ನ ಕೆಂಪು ಟೋಪಿ ಮಾತ್ರ ಯಾರೂ ತೆಗೆದಿರಲಿಲ್ಲ. ಈ ಜನರ ಮೇಲೆ ನನಗೆ ಪ್ರೀತಿ ಹೆಚ್ಚಾಗುವುದು ಇಂಥದ್ದಕ್ಕೇ.

ಪಂದ್ಯದ ಮುಖ್ಯ ಭಾಗಗಳ ಲಿಂಕ್ ಅಣ್ಣನಿಗೆ ವಾಟ್ಸಾಪ್ ಮಾಡಿದ್ದೇನೆ. ಟಿವಿಗೆ ಹಾಕಿಸಿಕೊಂಡು ನೋಡಿ. ಮೆಕಾರ್ತಿ ಆ ಎರಡು ಪೆನಾಲ್ಟಿ ತಡೆದಾಗ ಚೆಂಡು ನೋಡುತ್ತಿದ್ದನೋ, ಒದೆಯುವವನ ಸೊಂಟ ನೋಡುತ್ತಿದ್ದನೋ ನೀವೇ ಹೇಳಬೇಕು. ನನಗೆ ಎಷ್ಟು ಸಲ ನೋಡಿದರೂ ಗೊತ್ತಾಗುತ್ತಿಲ್ಲ. ವಿಶ್ವಕಪ್ ಜಿಯೋ ಸಿನಿಮಾದಲ್ಲಿ ಬರುತ್ತದಂತೆ, ಅದನ್ನೂ ಅಣ್ಣನ ಕೈಲಿ ಹಾಕಿಸಿಕೊಳ್ಳಿ. 21ರ ರಾತ್ರಿ, ಅಲ್ಲಿ ಹನ್ನೆರಡೂವರೆಗೆ, ಅಮೆರಿಕ ಮತ್ತು ಬೇಲ್‌ನ ವೇಲ್ಸ್ ಆಡುತ್ತವೆ. ಎದ್ದಿರುತ್ತೀರಾ?

ಇಲ್ಲಿ ಭಾನುವಾರದಿಂದ ಗಡಿಯಾರ ಒಂದು ಗಂಟೆ ಹಿಂದೆ ಹೋಗಿದೆ. ನಾನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ನಿಮಗೆ ಈಗ ಬೆಳಿಗ್ಗೆ ಏಳೂವರೆ. ವಾಕಿಂಗ್ ಮುಗಿಸಿ ಬಂದಿರಿ.

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಪ್ರೀತಿಯ ಮಗಳು