ನಲವತ್ತನಾಲ್ಕು ವರ್ಷದ ಮೇಲೆ ಅದೇ ಶಾಲೆಗೆ

ಮಾನ್ಯ ಸಂಪಾದಕರೇ,

ನೌಕಾಪಡೆಗೆ ಆರು ಹೊಸ ಜಲಾಂತರ್ಗಾಮಿಗಳನ್ನು ಕಟ್ಟಲು ಜರ್ಮನಿಯವರ ಜೊತೆ ಮಾತುಕತೆ ಶುರುವಾಗಿದೆ ಎಂಬ ಸುದ್ದಿಯನ್ನು ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಓದಿದೆ. ಅಂಗೈ ಅಗಲದ ಆ ಸುದ್ದಿಯಲ್ಲಿ ‘ತಂತ್ರಜ್ಞಾನ ವರ್ಗಾವಣೆ’ ಎಂಬ ಮಾತು ಮೂರು ಸಲ ಬಂದಿದೆ. ವರ್ಗಾವಣೆ ಎಂದರೆ ಏನೆಂದು ಸರ್ಕಾರಿ ನೌಕರಿ ಮಾಡಿದ ನನಗೆ ಚೆನ್ನಾಗಿ ಗೊತ್ತು. ಆದೇಶದ ಕಾಗದ ಬರುತ್ತದೆ, ಹಾರ ಹಾಕುತ್ತಾರೆ, ಕೆಲಸ ತಿಳಿದವನು ಹೋಗುತ್ತಾನೆ, ಬೀರುವಿನಲ್ಲಿ ಕಡತ ಉಳಿಯುತ್ತದೆ. ಜಲಾಂತರ್ಗಾಮಿಯ ವಿಷಯದಲ್ಲಿ ಒಮ್ಮೆ ಹೀಗೆಯೇ ಆಗಿದೆ. ಅದನ್ನು ಆ ಸುದ್ದಿಯಲ್ಲಿ ಯಾರೂ ಹೇಳದ ಕಾರಣ ಈ ಪತ್ರ.

ನಾನು ಐಟಿಐಯಲ್ಲಿ ವೆಲ್ಡರ್ ವಿಭಾಗದ ಹುಡುಗರಿಗೆ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತನಾದವನು. ಸಮುದ್ರವನ್ನು ಕಂಡದ್ದು ಎರಡೇ ಸಲ, ಎರಡೂ ಸಲ ಮದುವೆಗೆಂದು ಮುಂಬೈಗೆ ಹೋದಾಗ. ಕಲಬುರಗಿಯ ಬಿಸಿಲಿನಲ್ಲಿ ಕುಳಿತವನಿಗೆ ಜಲಾಂತರ್ಗಾಮಿಯ ಉಸಾಬರಿ ಏಕೆ ಎಂದು ಮನೆಯಲ್ಲೂ ಕೇಳಿದರು. ಆದರೆ ಜಲಾಂತರ್ಗಾಮಿ ಎಂದರೆ ಮೊದಲಿಗೆ ಒಂದು ಬೆಸುಗೆಯ ಕೆಲಸ. ಬೆಸುಗೆ ನನ್ನ ಕಸುಬು.

1981ರ ಡಿಸೆಂಬರಿನಲ್ಲಿ ಭಾರತ ಪಶ್ಚಿಮ ಜರ್ಮನಿಯ ಎಚ್‌ಡಿಡಬ್ಲ್ಯು ಎಂಬ ಹಡಗು ಕಟ್ಟುವ ಕಂಪನಿಯೊಂದಿಗೆ ನಾಲ್ಕು ಜಲಾಂತರ್ಗಾಮಿಗಳಿಗೆ ಒಪ್ಪಂದ ಮಾಡಿಕೊಂಡಿತು. 209 ಮಾದರಿಯವು. ಶಿಶುಮಾರ್ ಮತ್ತು ಶಂಕುಷ್ ಅಲ್ಲಿನ ಕೀಲ್ ಪಟ್ಟಣದಲ್ಲಿಯೇ ತಯಾರಾಗಿ 1986ರಲ್ಲಿ ನೌಕಾಪಡೆ ಸೇರಿದವು. ಮುಂದಿನ ಎರಡನ್ನು ನಮ್ಮವರೇ ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದರು: ಶಾಲ್ಕಿ 1992ರಲ್ಲಿ, ಶಂಕುಲ್ 1994ರಲ್ಲಿ. ಇಂದು ಮಾತುಕತೆಗೆ ಕುಳಿತಿರುವ ಜರ್ಮನ್ ಕಂಪನಿ ಟಿಕೆಎಂಎಸ್ ಯಾರು? ಅದೇ ಕೀಲ್‌ನ ಅದೇ ಹಡಗುಕಟ್ಟೆ, ಫಲಕ ಮಾತ್ರ ಬೇರೆ. ನಲವತ್ತನಾಲ್ಕು ವರ್ಷದ ಮೇಲೆ ನಾವು ಅದೇ ಶಾಲೆಗೆ ಅದೇ ಪಾಠಕ್ಕೆ ಮತ್ತೆ ಹೆಸರು ಹಚ್ಚುತ್ತಿದ್ದೇವೆ. ಮೇಷ್ಟರಾಗಿದ್ದವನಿಗೆ ಇದು ನೋಡಲು ಹಿತವಾದ ದೃಶ್ಯವಲ್ಲ.

ನನ್ನ ಜೊತೆ ಐಟಿಐ ಓದಿದ ಗೆಳೆಯನೊಬ್ಬ 1984ರಲ್ಲಿ, ಆಗಿನ ಗುಲ್ಬರ್ಗಾದಿಂದ ರೈಲು ಹತ್ತಿ, ಮುಂಬೈಯ ಹಡಗು ಕಟ್ಟುವ ಕೆಲಸಕ್ಕೆ ಹೋದ. ನಮ್ಮ ತಂಡದಲ್ಲಿ ಅವನಷ್ಟು ಒಳ್ಳೆಯ ಕೈ ಮತ್ತೊಂದು ಇರಲಿಲ್ಲ. ಆದರೂ ಜಲಾಂತರ್ಗಾಮಿಯ ಬೆಸುಗೆಗೆ ಇಟ್ಟ ಪರೀಕ್ಷೆಯಲ್ಲಿ ಅವನು ಎರಡು ಸಲ ನಪಾಸಾದ. ಎರಡು ತಟ್ಟೆ ಉಕ್ಕನ್ನು ಬೆಸೆದು ಕೊಡಬೇಕು, ಅದಕ್ಕೆ ಎಕ್ಸ್‌ರೇ ತೆಗೆಯುತ್ತಾರೆ. ಫಿಲ್ಮಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ಮನೆಗೆ ಹೋಗಬೇಕು. ಮೂರನೇ ಸಲ ಪಾಸಾಗಿ ನನಗೆ ಬರೆದ ಅಂಚೆ ಕಾರ್ಡು ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಸಂಬಳದ ಮಾತಿಲ್ಲ, ಮುಂಬೈಯ ಮಾತಿಲ್ಲ, ‘ಚುಕ್ಕೆ ಇಲ್ಲ’ ಎಂಬ ಎರಡೇ ಪದ.

ಇಷ್ಟು ಬಿಗಿ ಏಕೆ ಎಂದರೆ, ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಹೆಚ್ಚುತ್ತದೆ. 300 ಮೀಟರ್ ಆಳದಲ್ಲಿ ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ಅರ್ಧ ಚೀಲಕ್ಕಿಂತ ಹೆಚ್ಚು ತೊಗರಿ ಹೇರಿದ ಹಾಗೆ. ಅದನ್ನು ತಡೆಯುವ ಗಟ್ಟಿ ಉಕ್ಕು ಬೆಸುಗೆಗೆ ಬಲು ಹಟಮಾರಿ. ಮೊದಲೇ ಹದವಾಗಿ ಕಾಯಿಸಿರಬೇಕು, ಬೆಸೆದ ಮೇಲೆ ನಿಧಾನವಾಗಿ ಆರಬೇಕು. ಬೆಸುಗೆಯ ರಾಡಿನ ಲೇಪದಲ್ಲಿ ತುಸು ತೇವ ಉಳಿದರೂ ಅದರ ಜಲಜನಕ ಉಕ್ಕಿನೊಳಗೆ ಸೇರಿ ಬಿರುಕು ಬಿಡಿಸುತ್ತದೆ. ಆ ಬಿರುಕು ಆಗಲೇ ಕಾಣುವುದಿಲ್ಲ, ಒಂದು ದಿನ, ಎರಡು ದಿನ ಕಳೆದ ಮೇಲೆ ಬರುತ್ತದೆ. ಅದಕ್ಕೇ ಬೆಸುಗೆಯನ್ನು ಎರಡು ದಿನ ಬಿಟ್ಟು ಪರೀಕ್ಷೆ ಮಾಡುತ್ತಾರೆ. ಇಷ್ಟೂ ಪುಸ್ತಕದಲ್ಲಿದೆ, ನಾನೇ ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆದರೆ ಉಕ್ಕಿನ ಹೊಟ್ಟೆಯಡಿ ಮಲಗಿ, ಕೈ ಮೇಲೆತ್ತಿ, ಮುಂಬೈಯ ಜುಲೈ ತಿಂಗಳ ತೇವದಲ್ಲಿ ಒಂದೇ ಹದದಲ್ಲಿ ರಾಡು ಎಳೆಯುವುದು ಕಪ್ಪುಹಲಗೆಯಿಂದ ಬರುವುದಿಲ್ಲ. ಅದು ಪಾಸಾದವನ ಪಕ್ಕದಲ್ಲಿ ನಿಂತ ಹುಡುಗನಿಗೆ ಬರುತ್ತದೆ, ಅವನ ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದರೆ ಅವನಿಗೆ.

ಆ ಇನ್ನೊಬ್ಬ ಬರಲಿಲ್ಲ. ನಾಲ್ಕರ ಮೇಲೆ ಇನ್ನೂ ಎರಡು ಕಟ್ಟುವ ಯೋಚನೆ ಇತ್ತು. 1987ರಲ್ಲಿ ಆ ಒಪ್ಪಂದದಲ್ಲಿ ದಲ್ಲಾಳಿ ಹಣದ ಆರೋಪ ಎದ್ದಿತು, ವಿ.ಪಿ. ಸಿಂಗ್ ತನಿಖೆಗೆ ಆದೇಶ ಮಾಡಿ ರಕ್ಷಣಾ ಸಚಿವ ಸ್ಥಾನವನ್ನು ಬಿಟ್ಟರು, ಐದನೆಯದೂ ಆರನೆಯದೂ ಅಲ್ಲಿಗೇ ನಿಂತವು. ಹಣ ತಿಂದಿದ್ದರೆ ತಿಂದವನನ್ನು ಹಿಡಿಯಬೇಕು, ನನ್ನ ತಕರಾರಿಲ್ಲ. ಆದರೆ ಕಳ್ಳನ ಮೇಲಿನ ಸಿಟ್ಟಿಗೆ ನಾವು ಬಾವಿ ಮುಚ್ಚಿದೆವು. ಗೆಳೆಯನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಬೇರೆ ಹಡಗುಗಳ ಕೆಲಸ ಇದ್ದೇ ಇತ್ತು. ಆದರೆ ಎಕ್ಸ್‌ರೇ ಪಾಸಾದ ಕೈಯನ್ನು ಕೊಲ್ಲಿ ದೇಶದ ತೈಲ ಕೊಳವೆಯವರು ಹುಡುಕಿಕೊಂಡು ಬಂದರು. 1993ರಲ್ಲಿ ಅವನು ಮಸ್ಕತ್ತಿಗೆ ವಿಮಾನ ಹತ್ತಿದ.

ಮತ್ತೆ ಜಲಾಂತರ್ಗಾಮಿಯ ಒಪ್ಪಂದವಾದದ್ದು 2005ರ ಅಕ್ಟೋಬರಿನಲ್ಲಿ, ಈ ಸಲ ಫ್ರಾನ್ಸಿನ ಸ್ಕಾರ್ಪೀನ್. ಬೇರೆ ದೇಶ, ಬೇರೆ ನಕ್ಷೆ, ಬೆಸುಗೆಗೆ ಬೇರೆ ಉಕ್ಕು. ಅ ಆ ಇ ಈಯಿಂದ ಶುರು. ಮೊದಲನೆಯದು 2012ಕ್ಕೆ ಬರಬೇಕಿತ್ತು, ಕಲ್ವರಿ ನೌಕಾಪಡೆ ಸೇರಿದ್ದು 2017ರ ಡಿಸೆಂಬರ್ 14ರಂದು. ಆರನೆಯದಾದ ವಾಗ್‌ಶೀರ್ 2025ರ ಜನವರಿಯಲ್ಲಿ ಸೇರಿತು. ಅಂದರೆ ಒಪ್ಪಂದದಿಂದ ಕೊನೆಯ ದೋಣಿಗೆ ಹತ್ತೊಂಬತ್ತು ವರ್ಷ ದಾಟಿತು.

ದಕ್ಷಿಣ ಕೊರಿಯಾ ಇದೇ ಕೀಲ್‌ನ ಬಾಗಿಲಿಗೆ ನಮ್ಮ ಆರು ವರ್ಷದ ಮೇಲೆ, 1987ರಲ್ಲಿ ಹೋಯಿತು. ಅದೇ 209 ಮಾದರಿ. ಒಂದನ್ನು ಜರ್ಮನಿಯಲ್ಲಿ ಕಟ್ಟಿಸಿಕೊಂಡು ಮುಂದಿನ ಎಂಟನ್ನು ತಮ್ಮಲ್ಲಿಯೇ ಕಟ್ಟಿದರು. ಅದು ಮುಗಿಯಿತೆಂದು ಕೈಕಟ್ಟಿ ಕೂರಲಿಲ್ಲ, 214 ಮಾದರಿಯವು ಇನ್ನೂ ಒಂಬತ್ತು. ನಡುವೆ ಇಂಡೊನೇಷ್ಯಾದಿಂದ ಮೂರಕ್ಕೆ ಬೇಡಿಕೆ ಪಡೆದರು. 2021ರಲ್ಲಿ 3,000 ಟನ್ ಮೀರಿದ, ತಾವೇ ವಿನ್ಯಾಸ ಮಾಡಿದ ಜಲಾಂತರ್ಗಾಮಿಯನ್ನು ನೌಕಾಪಡೆಗೆ ಸೇರಿಸಿದರು. ಅವರಿಗೆ ಜರ್ಮನರು ಕೊಟ್ಟ ಕಾಗದ ನಮಗೆ ಕೊಟ್ಟದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು ಎಂದು ನಾನು ನಂಬುವುದಿಲ್ಲ. ಅವರ ಹುಡುಗರ ಕೈಯಲ್ಲಿ ರಾಡು ತಣ್ಣಗಾಗಲಿಲ್ಲ, ಅಷ್ಟೇ.

ನಮ್ಮವರಿಗೆ ಏನೂ ಬರುವುದಿಲ್ಲ ಎಂದು ಹೇಳಿದರೆ ಅದು ಅನ್ಯಾಯ. ಹಳೆಯ ಶಂಕುಷ್‌ನ ಆಯುಷ್ಯ ಹೆಚ್ಚಿಸುವ ದುರಸ್ತಿಯನ್ನು 2023ರಲ್ಲಿ 2,725 ಕೋಟಿ ರೂಪಾಯಿಗೆ ಮಜಗಾಂವ್ ಡಾಕ್‌ಗೇ ವಹಿಸಿದ್ದಾರೆ. ಬಿಚ್ಚಿ ಜೋಡಿಸುವ ವಿದ್ಯೆ ಉಳಿದಿದೆ ಎಂದಾಯಿತು. ಹೊಸದನ್ನು ಕಟ್ಟುವ ವಿದ್ಯೆ ಬೇರೆ.

ಈಗ ಶೇಕಡಾವಾರಿನ ಮಾತು. ಈಗ ಮಾತುಕತೆ ನಡೆದಿರುವ ಆರು ಜಲಾಂತರ್ಗಾಮಿಗಳ ಯೋಜನೆಯ ಮೊದಲ ದೋಣಿಯಲ್ಲಿ ಶೇ 45ರಷ್ಟು ಸ್ವದೇಶಿ ಭಾಗ ಇರಬೇಕು, ಆರನೆಯದಕ್ಕೆ ಬರುವಾಗ ಶೇ 60 ಆಗಬೇಕು ಎಂಬುದು ಷರತ್ತು. ಕೇಳಲು ಚೆನ್ನಾಗಿದೆ. ನನ್ನ ತಂಗಿಯ ಮಗನಿಗೆ ಇಲ್ಲಿ ಒಂದು ದಾಲ್ ಮಿಲ್ ಇದೆ. ಕ್ಯಾಮೆರಾದಿಂದ ಕಾಳಿನ ಬಣ್ಣ ನೋಡಿ, ಕಪ್ಪು ಬೇಳೆಯನ್ನೂ ಕಲ್ಲನ್ನೂ ಗಾಳಿ ಊದಿ ಆಚೆ ಹಾರಿಸುವ ಕಲರ್ ಸಾರ್ಟರ್ ಯಂತ್ರವನ್ನು ನಾಲ್ಕು ವರ್ಷದ ಹಿಂದೆ ಹಾಕಿಸಿದ. ಕೂರಿಸುವ ದಿನ ನನ್ನನ್ನೂ ಕರೆದಿದ್ದ. ಚೌಕಟ್ಟು ಕಪನೂರಿನಲ್ಲಿ ಬೆಸೆದದ್ದು, ಅದರಲ್ಲಿ ಎರಡು ಬೆಸುಗೆ ನನ್ನ ಶಿಷ್ಯನ ಕೈಯವು, ನೋಡಿದ ಕೂಡಲೇ ಗುರುತು ಹಿಡಿದೆ. ಎಲಿವೇಟರ್, ಹಾಪರ್, ಗಾಳಿಯ ಕೊಳವೆ, ವೈರಿಂಗ್ ಎಲ್ಲ ಇಲ್ಲಿಯದೇ. ತೂಕದಲ್ಲಿ ನೋಡಿದರೆ ಮುಕ್ಕಾಲು ಪಾಲು ಕಲಬುರಗಿ. ಪರದೇಶದಿಂದ ಬಂದದ್ದು ಟ್ರಂಕಿನಷ್ಟು ಗಾತ್ರದ ಒಂದು ಪೆಟ್ಟಿಗೆ.

ಮರುವರ್ಷ ಜನವರಿಯಲ್ಲಿ, ಹೊಸ ತೊಗರಿ ಅಂಗಳದಲ್ಲಿ ರಾಶಿ ಬಿದ್ದಾಗ, ಆ ಪೆಟ್ಟಿಗೆಯ ಪರದೆ ಗುಪ್ತಸಂಖ್ಯೆ ಕೇಳಿ ನಿಂತುಬಿಟ್ಟಿತು. ಸಂಖ್ಯೆ ಮಾರಿದವರ ಬಳಿ ಇದೆ, ಫೋನಿನಲ್ಲಿ ಹೇಳುವುದಿಲ್ಲ, ಅವರ ಮನುಷ್ಯನೇ ಬರಬೇಕು. ಅವನು ಬರಲು ಒಂಬತ್ತು ದಿನ ಹಿಡಿಯಿತು. ಮೂವತ್ತು ಹೆಂಗಸರನ್ನು ಕರೆಸಿ ಮೊರದಲ್ಲಿ ಆರಿಸಿದರು. ಕೊನೆಗೆ ಬಂದ ಹುಡುಗ ಬೆನ್ನು ತಿರುಗಿಸಿ ನಾಲ್ಕು ಅಂಕಿ ಒತ್ತಿ, ಚಹಾ ಕುಡಿದು, ಬಿಲ್ಲು ಕೊಟ್ಟು ಹೋದ. “ಮಾಮಾ, ಇದರಲ್ಲಿ ನನ್ನದು ಎಷ್ಟು ಪಾಲು?” ಎಂದು ತಂಗಿಯ ಮಗ ಕೇಳಿದ. ಖರೀದಿ ಕಾಗದದ ಪ್ರಕಾರ ಪೂರ್ತಿ ಅವನದೇ.

ಜಲಾಂತರ್ಗಾಮಿಯಲ್ಲೂ ಇಂಥ ಪೆಟ್ಟಿಗೆಗಳಿವೆ. ಸದ್ದು ಕೇಳಿ ಶತ್ರುವನ್ನು ಗುರುತಿಸುವ ಸೋನಾರ್, ಅದಕ್ಕೆ ಕೂಡಿಸಿದ ಗಣಕ, ಟಾರ್ಪಿಡೊಗೆ ಗುರಿ ಕೊಡುವ ವ್ಯವಸ್ಥೆ, ನೀರಿನಡಿಯಲ್ಲಿಯೇ ವಿದ್ಯುತ್ ಮಾಡುವ ಇಂಧನ ಕೋಶ. ಶೇ 60 ಎಂಬ ಲೆಕ್ಕದಲ್ಲಿ ಕೊಳವೆ, ಕೇಬಲ್, ಮಂಚ, ಅಡುಗೆಮನೆ ಎಲ್ಲ ಸೇರಿ, ಪೆಟ್ಟಿಗೆ ಮಾತ್ರ ಉಳಿದ ಶೇ 40ರಲ್ಲಿ ಕುಳಿತರೆ? ಎಷ್ಟು ಪಾಲು ಎಂದು ಕೇಳುವವರು ಯಾವ ಪಾಲು ಎಂದೂ ಕೇಳಬೇಕಲ್ಲವೇ? ಹತ್ತು ವರ್ಷದ ಮೇಲೆ ನಮ್ಮದೇ ಟಾರ್ಪಿಡೊವನ್ನು ಅದರೊಳಗೆ ಕೂರಿಸಬೇಕೆಂದಾಗ ಪೆಟ್ಟಿಗೆ ತೆರೆಯಲು ಕೀಲ್‌ನ ಹುಡುಗನೇ ಬರಬೇಕೋ, ನಮ್ಮ ಹುಡುಗನಿಗೆ ಆ ಅಂಕಿ ಗೊತ್ತಿರುತ್ತದೆಯೋ?

ಇಂಧನ ಕೋಶದ ಬಗ್ಗೆ ಇನ್ನಷ್ಟು ಹೇಳಬೇಕು. ಡೀಸೆಲ್ ಜಲಾಂತರ್ಗಾಮಿ ಮುಳುಗಿದಾಗ ಬ್ಯಾಟರಿಯಲ್ಲಿ ಓಡುತ್ತದೆ. ಬ್ಯಾಟರಿ ಇಳಿದರೆ ಕೊಳವೆಯನ್ನು ನೀರಿನ ಮೇಲೆ ಚಾಚಿ, ಗಾಳಿ ಎಳೆದು, ಎಂಜಿನ್ ನಡೆಸಿ ಚಾರ್ಜ್ ಮಾಡಿಕೊಳ್ಳಬೇಕು. ಸಿಕ್ಕಿಬೀಳುವುದು ಆಗಲೇ. ಇಂಧನ ಕೋಶದಂತೆ ಹೊರಗಿನ ಗಾಳಿಯ ಹಂಗಿಲ್ಲದೆ ವಿದ್ಯುತ್ ಕೊಡುವ ಎಐಪಿ ವ್ಯವಸ್ಥೆ ಇದ್ದರೆ ವಾರಗಟ್ಟಲೆ ಒಳಗೇ ಇರಬಹುದು. ಈ ಯೋಜನೆಯ ಟೆಂಡರಿನಲ್ಲಿ ಸಮುದ್ರದಲ್ಲಿ ಓಡಿ ತೋರಿಸಿದ ಎಐಪಿಯೇ ಬೇಕೆಂಬ ಷರತ್ತಿತ್ತು. ತಮ್ಮದು ಹಾಗೆ ಓಡಿಲ್ಲವೆಂದು ಫ್ರಾನ್ಸಿನವರು 2022ರಲ್ಲಿ ಹಿಂದೆ ಸರಿದರು. ಸ್ಪೇನಿನ ನವಾಂಟಿಯಾ ಜೊತೆ ಎಲ್ ಆ್ಯಂಡ್ ಟಿ ಹಾಕಿದ ಟೆಂಡರ್ 2025ರ ಜನವರಿಯಲ್ಲಿ ಬಿದ್ದುಹೋಯಿತು. ಉಳಿದವರು ಜರ್ಮನರು ಮತ್ತು ಅವರ ಜೊತೆಗಾರ ಮಜಗಾಂವ್ ಡಾಕ್. ಸಂತೆಯಲ್ಲಿ ಒಂದೇ ಅಂಗಡಿ ತೆರೆದಿದ್ದರೆ ಚೌಕಾಸಿ ಹೇಗಿರುತ್ತದೆ ಎಂದು ನಮ್ಮ ಹೆಣ್ಣುಮಕ್ಕಳನ್ನು ಕೇಳಿದರೆ ಸಾಕು.

ಇಷ್ಟರ ನಡುವೆ ನಮ್ಮದೇ ಒಂದು ಎಐಪಿ ಇದೆ. ಮಹಾರಾಷ್ಟ್ರದ ಅಂಬರನಾಥದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಮಾಡಿದ್ದು. ಇಂಧನ ಕೋಶಕ್ಕೆ ಬೇಕಾದ ಜಲಜನಕವನ್ನು ಸಿಲಿಂಡರಿನಲ್ಲಿ ಹೊತ್ತೊಯ್ಯುವ ಬದಲು ದೋಣಿಯೊಳಗೇ ತಯಾರಿಸಿಕೊಳ್ಳುವುದು ಅದರ ವಿಶೇಷ. 2021ರ ಮಾರ್ಚ್‌ನಲ್ಲಿ ನೆಲದ ಮೇಲೆ ಅದನ್ನು ನಡೆಸಿ ತೋರಿಸಿದರು. 2024ರ ಡಿಸೆಂಬರಿನಲ್ಲಿ, ಅದನ್ನು ಜಲಾಂತರ್ಗಾಮಿಗೆ ಕೂರಿಸುವ ಭಾಗ ಕಟ್ಟಲು ಮಜಗಾಂವ್ ಡಾಕ್‌ಗೆ ಸುಮಾರು 1,990 ಕೋಟಿ ರೂಪಾಯಿಯ ಕೆಲಸ ಕೊಟ್ಟರು. ಕೂರಿಸುವುದೆಂದರೆ ಹೇಗೆ? ನೀರಿಗೆ ಇಳಿದು ವರ್ಷಗಳಾದ ದೋಣಿಯ ಒಡಲನ್ನು ಅಡ್ಡಲಾಗಿ ಕತ್ತರಿಸಿ, ಎರಡು ಹೋಳನ್ನು ದೂರ ಸರಿಸಿ, ನಡುವೆ ಹೊಸ ಉಂಗುರವನ್ನು ಇಟ್ಟು, ಸುತ್ತಲೂ ಬೆಸೆಯುವುದು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಯಕ್ಕಲ್ಲ, ಆಸೆಗೆ. ಆ ಎರಡು ಸುತ್ತಿನ ಬೆಸುಗೆಯನ್ನು ಹತ್ತಿರದಿಂದ ನೋಡಲು ಬಿಟ್ಟರೆ ನಾನು ಕಾಶಿಗೆ ಹೋಗುವ ದುಡ್ಡನ್ನು ಮುಂಬೈಗೆ ಖರ್ಚು ಮಾಡುತ್ತೇನೆ.

ಹಾಗಾಗಿ ಜರ್ಮನರೊಂದಿಗಿನ ಒಪ್ಪಂದ ಬೇಡವೆಂದು ನಾನು ಹೇಳುತ್ತಿಲ್ಲ. ಅಂಬರನಾಥದ ಕೆಲಸವನ್ನು ಆ ನೆಪದಲ್ಲಿ ಮೂಲೆಗೆ ತಳ್ಳಬಾರದು. ಆರನೆಯ ದೋಣಿಯ ಬೆಸುಗೆ ಮುಗಿಯುವ ಮೊದಲೇ ಏಳನೆಯದಕ್ಕೆ ಉಕ್ಕು ಬಂದಿರಬೇಕು, ಅದು ಯಾರ ನಕ್ಷೆಯದಾದರೂ ಸರಿ. ಯಾರಾದರೂ ಲಂಚ ತಿಂದರೆ ಅವನನ್ನು ಜೈಲಿಗೆ ಹಾಕಲಿ, ವೆಲ್ಡರನನ್ನು ಮಸ್ಕತ್ತಿಗೆ ಕಳಿಸುವುದು ಬೇಡ. ನಮ್ಮ ಭಾಗದ ಸಂಸದರು ರೈಲಿನ ವೇಳಾಪಟ್ಟಿಯ ಪ್ರಶ್ನೆಗಳ ನಡುವೆ ಬಿಡುವು ಮಾಡಿಕೊಂಡು, ಆ ಶೇ 40ರಲ್ಲಿ ಏನೇನಿದೆ ಎಂದು ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಉಪಕಾರ. ಗುಟ್ಟಿನ ಸಂಗತಿ ಎಂದು ಉತ್ತರ ಬಂದರೆ ಬರಲಿ, ಕೇಳಿದ್ದು ದಾಖಲಾಗುತ್ತದೆ.

ಗೆಳೆಯ ಮಸ್ಕತ್ತಿನಿಂದ ಬಂದು ಹದಿನೈದು ವರ್ಷವಾಯಿತು. ರಿಂಗ್ ರಸ್ತೆಯ ಬದಿಯಲ್ಲಿ ಗೇಟು, ಗ್ರಿಲ್ಲು ಮಾಡುವ ಅಂಗಡಿ ಇಟ್ಟಿದ್ದಾನೆ. ಮೂಲೆಯಲ್ಲಿ ಕೆಟ್ಟುಹೋದ ಒಂದು ಫ್ರಿಜ್ ಇದೆ. ಬಾಗಿಲು ತೆಗೆದರೆ ಒಳಗೆ ಅರವತ್ತು ವಾಟಿನ ಬಲ್ಬು ಹಗಲಿರುಳು ಉರಿಯುತ್ತಿರುತ್ತದೆ, ಅದರ ಬಿಸಿಗೆ ವೆಲ್ಡಿಂಗ್ ರಾಡುಗಳನ್ನು ಸಾಲಾಗಿ ಮಲಗಿಸಿದ್ದಾನೆ. ಕಿಟಕಿಯ ಗ್ರಿಲ್ಲಿನ ರಾಡಿಗೆ ಈ ಉಪಚಾರ ಬೇಕಿಲ್ಲ, ಅದು ಅವನಿಗೂ ಗೊತ್ತು. ಕೇಳಿದರೆ ನಗುತ್ತಾನೆ. ಅಂಗಡಿಯಲ್ಲಿ ಇಬ್ಬರು ಹುಡುಗರಿದ್ದಾರೆ, ಅವರಿಗೆ ಕಲಿಸುವುದೂ ಗ್ರಿಲ್ಲಿನ ಕೆಲಸವನ್ನೇ. ನಿಮ್ಮ ವರದಿಗಾರರು ಬರುವುದಾದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ.

ಇಂತಿ,
ನಿವೃತ್ತ ವೆಲ್ಡರ್ ಬೋಧಕ, ಕಲಬುರಗಿ