ಸೀಟಿ ಊದದೆ ಕಾದ ಆ ಎರಡು ಕ್ಷಣಗಳ ಕುರಿತು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಮೊದಲೇ ಹೇಳಿದ್ದರಿಂದ ಅವುಗಳ ಮಾತು ಬೇಡ. ನನ್ನನ್ನು ಕಂಗೆಡಿಸಿದ್ದು ಕೊನೆಯ ಪುಟದಲ್ಲಿ ನೀನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿರುವ ಒಂದು ವಾಕ್ಯ: ‘ನಾನು ಕೂಡಲೇ ಸೀಟಿ ಊದಿದ್ದರೆ ಆ ಹುಡುಗನ ಕಾಲು ಮುರಿಯುತ್ತಿರಲಿಲ್ಲ, ಮುಂದೆಯೂ ನನ್ನ ಸೀಟಿ ತಡವಾದರೆ?’ ನೀನು ರೆಫರಿಯಾಗಿದ್ದ ಫುಟ್‌ಬಾಲ್ ಪಂದ್ಯದಲ್ಲಿ ಫೌಲ್ ಆದಾಗ, ಏಟು ತಿಂದ ತಂಡದ ಫಾರ್ವರ್ಡ್‌ಗೇ ಚೆಂಡು ಸಿಕ್ಕಿತೆಂದು ನೀನು ಎರಡೂ ಕೈ ಚಾಚಿ ಅಡ್ವಾಂಟೇಜ್ ಕೊಟ್ಟಿರುವೆ, ಅಂದರೆ ಸೀಟಿ ಊದದೆ ಆಟ ಮುಂದುವರಿಯಲು ಬಿಟ್ಟಿರುವೆ. ಅಷ್ಟರಲ್ಲಿ ಸೇಡಿಗೆ ಬಿದ್ದ ಇನ್ನೊಬ್ಬ ಹಿಂದಿನಿಂದ ಜಾರಿ ಬಂದು ಆ ಹುಡುಗನ ಕಾಲಿಗೆ ಒದ್ದಿದ್ದಾನೆ. ಇಷ್ಟೇ ನಡೆದದ್ದು ಎಂದು ನಾನು ಬರೆದರೆ ನಿನಗೆ ಸಮಾಧಾನವಾಗದು ಎಂಬುದು ನನಗೆ ಗೊತ್ತು.

ನಿನ್ನ ವಾಕ್ಯವನ್ನು ಓದಿದಾಗ ನನಗೆ ನೆನಪಾದವನು ಇಂಗ್ಲೆಂಡಿನ ಶೌಲ್ಡಮ್ ಮಠದ ವಿಲಿಯಮ್ ಡಿ ಸ್ಪಾಲ್ಡಿಂಗ್ ಎಂಬ ಪಾದ್ರಿ. ಚೆಂಡಾಟದಲ್ಲಿ ಅವನು ಚೆಂಡನ್ನು ಒದೆಯುತ್ತಿದ್ದಾಗ ಅವನ ಗೆಳೆಯನೊಬ್ಬ, ಅವನ ಹೆಸರೂ ವಿಲಿಯಮ್ಮೇ, ಓಡಿ ಬಂದು ಡಿಕ್ಕಿ ಹೊಡೆದ. ಪಾದ್ರಿಯ ಸೊಂಟದಲ್ಲಿದ್ದ, ಒರೆಯಿಂದ ಹೊರಗೂ ಬಂದಿರದ ಚಾಕು ಆ ಗೆಳೆಯನಿಗೆ ಚುಚ್ಚಿತು. ಆರು ದಿನಗಳೊಳಗೆ ಅವನು ತೀರಿಕೊಂಡ. ಗೆಳೆಯನ ಸಾವಿನ ದುಃಖ ಒಂದು ಕಡೆ, ಆಗದವರು ಏನೆನ್ನುವರೋ ಎಂಬ ಅಂಜಿಕೆ ಇನ್ನೊಂದು ಕಡೆ. ಅವನು ನೇರವಾಗಿ ಪೋಪರಿಗೇ ಅರ್ಜಿ ಬರೆದ. 1321ರಲ್ಲಿ ಪೋಪ್ 22ನೆಯ ಜಾನ್, ಇವನ ಮೇಲೆ ದೋಷವಿಲ್ಲವೆಂದು ಅಧಿಕೃತವಾಗಿ ಬರೆದುಕೊಟ್ಟರು. ಏಳುನೂರು ವರ್ಷಗಳ ಹಿಂದಿನ ಆ ಆಟದ ಬಗ್ಗೆ ಉಳಿದಿರುವ ದಾಖಲೆ ಯಾರು ಗೆದ್ದರೆಂಬುದಲ್ಲ, ಒಬ್ಬನಿಗೆ ನಿದ್ದೆ ಬಾರದಿದ್ದ ಸಂಗತಿ. ನಿನಗೆ ಹಾಗೆ ಬರೆದುಕೊಡುವ ಅಧಿಕಾರ ನನಗಿಲ್ಲ, ನಿಜ. ಆದರೆ ನಿನ್ನ ಭಯ ನಿನ್ನೊಬ್ಬಳದಲ್ಲ ಎಂಬುದನ್ನಾದರೂ ಬರೆಯಬಹುದಲ್ಲ.

ಆಗಿನ ಆಟದಲ್ಲಿ ಸೀಟಿಯೂ ಇರಲಿಲ್ಲ, ಅದನ್ನು ಊದುವವನೂ ಇರಲಿಲ್ಲ. ಊರಿಗೆ ಊರೇ ಒಂದು ತಂಡ. ಬೀದಿ, ಹೊಲ, ಹಳ್ಳ ಎಲ್ಲವೂ ಅಂಗಳ. ಡರ್ಬಿಶೈರಿನ ಆಶ್‌ಬೋರ್ನಿನಲ್ಲಿ ಇಂದಿಗೂ ಅದೇ ಬಗೆಯ ಆಟ ವರ್ಷಕ್ಕೊಮ್ಮೆ ನಡೆಯುತ್ತದೆ, ಅಲ್ಲಿ ಒಂದು ಗೋಲಿಗೂ ಇನ್ನೊಂದಕ್ಕೂ ಮೂರು ಮೈಲಿ ಅಂತರ. ಇಂಥ ಆಟವನ್ನು ಹದ್ದುಬಸ್ತಿನಲ್ಲಿಡಲು ಆಳುವವರಿಗೆ ಹೊಳೆದ ದಾರಿ ನಿಷೇಧವೊಂದೇ: 1314ರಲ್ಲಿ ಲಂಡನ್ನಿನ ಮೇಯರ್, 1424ರಲ್ಲಿ ಸ್ಕಾಟ್ಲೆಂಡಿನ ದೊರೆ. ಆಟವೇನೂ ನಿಲ್ಲಲಿಲ್ಲ. ಚೀನಾದ ಜಾಣತನ ಬೇರೆ. ಅಲ್ಲಿನ ‘ತ್ಸುಜು’ ಎಂಬ ಕಾಲ್ಚೆಂಡಿನ ಬಗ್ಗೆ ಹಾನ್ ರಾಜವಂಶದ ಕಾಲದ ಲೀ ಯೂ ಎಂಬಾತ ಬರೆದ ಪುಟ್ಟ ಪದ್ಯದಲ್ಲಿ ತೀರ್ಪುಗಾರನ ಮಾತು ಬರುತ್ತದೆ: ತನ್ನವರು ಪರರೆಂದು ಭೇದ ಮಾಡಬಾರದು, ಮನಸ್ಸು ನೆಟ್ಟಗೆ ಸಮವಾಗಿರಬೇಕು, ತಪ್ಪನ್ನು ಹಿಡಿದು ಗೊಣಗಬಾರದು. ಕೊನೆಯದು ಆಟಗಾರರಿಗೆ ಹೇಳಿದ್ದಿರಬಹುದು. ಈ ವಾರ ಅದನ್ನು ನೀನು ನಿನಗೇ ಹೇಳಿಕೊಂಡರೂ ತಪ್ಪಿಲ್ಲ.

ಕಾಲು ಮುರಿಯುವ ವಿಷಯ ಬಂದದ್ದರಿಂದ 1863ರ ಜಗಳವನ್ನು ಹೇಳದೆ ಇರಲಾರೆ. ಆ ವರ್ಷ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನಿನಲ್ಲಿ ಸೇರಿದ ಕ್ಲಬ್ಬುಗಳು ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದವು. ಎಲ್ಲರೂ ಒಪ್ಪುವ ಒಂದು ನಿಯಮಾವಳಿ ಬರೆಯುವುದು ಉದ್ದೇಶ. ಮೊದಲ ಕರಡಿನಲ್ಲಿ ‘ಹ್ಯಾಕಿಂಗ್’, ಅಂದರೆ ಚೆಂಡು ಹಿಡಿದು ಓಡುವವನ ಮೊಣಕಾಲ ಕೆಳಗಿನ ಎಲುಬಿಗೆ ಬೇಕೆಂದೇ ಒದೆಯುವುದು, ನ್ಯಾಯಸಮ್ಮತವಾಗಿತ್ತು! ಅದನ್ನು ತೆಗೆಯಬೇಕೆಂದಾಗ ಬ್ಲ್ಯಾಕ್‌ಹೀತ್ ಕ್ಲಬ್ಬಿನ ಕ್ಯಾಂಬೆಲ್ ಎಂಬಾತ, ಹಾಗೆ ಮಾಡಿದರೆ ಆಟದಲ್ಲಿ ಧೈರ್ಯವೇ ಉಳಿಯದು, ಒಂದು ವಾರ ಅಭ್ಯಾಸ ಮಾಡಿದ ಫ್ರೆಂಚರನ್ನು ಕರೆತಂದು ನಿಮ್ಮನ್ನು ಸೋಲಿಸುತ್ತೇನೆ ಎಂದು ಅಣಕಿಸಿದ. ಕಾರ್ಯದರ್ಶಿ ಎಬೆನೆಜರ್ ಮಾರ್ಲಿಯ ಉತ್ತರ ಸರಳವಾಗಿತ್ತು: ಒದೆಯುವುದನ್ನು ಉಳಿಸಿಕೊಂಡರೆ ಶಾಲೆಯ ಹುಡುಗರಲ್ಲದೆ ಬುದ್ಧಿ ಬಂದವರಾರೂ ಆಡುವುದಿಲ್ಲ. ಮಾರ್ಲಿಯ ಪಕ್ಷ ಗೆದ್ದಿತು, ಬ್ಲ್ಯಾಕ್‌ಹೀತ್ ಹೊರನಡೆಯಿತು. ಆ ಕ್ಲಬ್ಬೂ ಸೇರಿ 1871ರಲ್ಲಿ ಕಟ್ಟಿದ ರಗ್ಬಿ ಒಕ್ಕೂಟ ಕೂಡ ಹ್ಯಾಕಿಂಗನ್ನು ನಿಷೇಧಿಸಿತೆಂಬುದನ್ನು ಓದಿದಾಗ ನನಗೆ ನಗು ಬಂದಿತ್ತು. ಆದರೆ ಒದೆಯಬಾರದೆಂದು ಬರೆದವರು, ಒದ್ದರೆ ನೋಡುವವರು ಯಾರೆಂಬುದನ್ನು ಬರೆಯಲಿಲ್ಲ. 1863ರ ನಿಯಮಗಳಲ್ಲಿ ರೆಫರಿ ಎಂಬ ಮನುಷ್ಯನೇ ಇಲ್ಲ.

ಮುಂದೆ ಎರಡೂ ಕಡೆಯಿಂದ ಒಬ್ಬೊಬ್ಬ ಅಂಪೈರ್ ಬಂದ. ಆಟಗಾರರು ಮನವಿ ಮಾಡಿದರೆ ಮಾತ್ರ ಅವನು ತೀರ್ಪು ಕೊಡಬೇಕು. ಇಬ್ಬರಲ್ಲಿ ಒಮ್ಮತವಿಲ್ಲದಿದ್ದರೆ ಗೆರೆಯ ಆಚೆ ನಿಂತ ರೆಫರಿಯನ್ನು ಕೇಳುತ್ತಿದ್ದರು. ಅಂಥ ಪದ್ಧತಿಯಲ್ಲಿ ತೀರ್ಪು ಎಷ್ಟು ತಡವಾಗುತ್ತಿತ್ತೆಂದು ಊಹಿಸು. ರೆಫರಿ ಅಂಗಳದೊಳಕ್ಕೆ ಕಾಲಿಟ್ಟದ್ದು 1891ರಲ್ಲಿ, ಅಂಪೈರುಗಳು ಲೈನ್ಸ್‌ಮನ್‌ಗಳಾದದ್ದೂ ಆಗಲೇ. ಅದೇ ವರ್ಷ ಐರ್ಲೆಂಡಿನ ಗೋಲ್‌ಕೀಪರ್ ವಿಲಿಯಮ್ ಮೆಕ್ರಮ್ ಸೂಚಿಸಿದ, ಗೋಲಿನ ಬಳಿಯ ಫೌಲಿಗೆ ಶಿಕ್ಷೆಯಾದ ಪೆನಾಲ್ಟಿ ಒದೆತವೂ ಬಂತು. ಸಭ್ಯಸ್ಥರು ಬೇಕೆಂದೇ ಫೌಲ್ ಮಾಡುತ್ತಾರೆಂದು ಭಾವಿಸುವುದೇ ಅವಮಾನವೆಂದು ಕೆಲವರು ಸಿಡಿಮಿಡಿಗೊಂಡರು. ಅಂತೂ ಶತಮಾನಗಳ ಕಾಲ ಊರವರೆಲ್ಲ ಹಂಚಿಕೊಂಡಿದ್ದ ಹೊಣೆಯನ್ನು ತಂದು ಸೀಟಿ ಹಿಡಿದ ಒಬ್ಬರ ತಲೆಯ ಮೇಲೆ ಇಟ್ಟರು. ಈ ಆಟದ ಚರಿತ್ರೆಯಲ್ಲಿ ಎಲ್ಲರಿಗಿಂತ ಕೊನೆಗೆ ಬಂದವಳು ನೀನು, ಎಲ್ಲರ ಕಾಲಿಗೂ ನೀನೇ ಉತ್ತರ ಕೊಡಬೇಕು, ಹೆದರಿಕೆಯಾಗದೆ ಇದ್ದೀತೇ?

ನಾವು ಆಡಿದ್ದು ಬರಿಗಾಲಿನಲ್ಲಿ. 1952ರ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾದ ಎದುರು 10–1ರಿಂದ ಸೋತ ಮೇಲೆ ಭಾರತದ ಫೆಡರೇಷನ್ ಬೂಟು ಕಡ್ಡಾಯ ಮಾಡಿತ್ತಾದರೂ ನಮ್ಮ ಶಾಲೆಯ ಮೈದಾನಕ್ಕೆ ಆ ಸುದ್ದಿ ಬಂದಿರಲಿಲ್ಲ. ತೊಗಲಿನ ಚೆಂಡು, ಒಳಗೆ ರಬ್ಬರ್ ಬ್ಲಾಡರ್, ಬಾಯಿಗೆ ಬೂಟಿನಂತೆ ಲೇಸು. ಮಳೆಯಲ್ಲಿ ನೆನೆದ ಆ ಚೆಂಡಿನ ಲೇಸಿನ ಕಡೆಗೆ ಹಣೆ ಕೊಟ್ಟವನಿಗೆ ಸಂಜೆಯವರೆಗೂ ಹೊಲಿಗೆಯ ಗುರುತು ಉಳಿಯುತ್ತಿತ್ತು. ಆಮೇಲೆ ಕೆಲವು ಕಾಲ ತಾಲ್ಲೂಕು ಪಂದ್ಯಗಳಲ್ಲಿ ಬಾವುಟ ಹಿಡಿದು ಗೆರೆಯ ಮೇಲೆ ಓಡಿದ್ದೂ ಉಂಟು. ರೆಫರಿ ಪರೀಕ್ಷೆಗೆ ಕರೆ ಬಂದಾಗ ನಾನು ಹೋಗಲಿಲ್ಲ. ವರ್ಗಾವಣೆಯಾಗಿದೆ ಎಂದು ಮನೆಯಲ್ಲಿ ಹೇಳಿದೆ, ವರ್ಗಾವಣೆ ಆಗಿದ್ದೂ ನಿಜವೇ. ಆದರೆ ಹೋಗದಿರಲು ಕಾರಣ ನಿನ್ನ ಪತ್ರದ ಆ ವಾಕ್ಯವೇ, ಪುಟ್ಟಿ. ಅದನ್ನು ಬರೆಯುವ ಧೈರ್ಯ ಕೂಡ ನನಗಿರಲಿಲ್ಲ. ನಿವೃತ್ತನಾದ ಮೇಲೆ ಟಿ.ವಿ.ಯಲ್ಲಿ ಪಂದ್ಯ ನೋಡುವಾಗಲೂ ನನ್ನ ಕಣ್ಣು ಚೆಂಡನ್ನು ಬಿಟ್ಟು ರೆಫರಿಯ ಹಿಂದೆ ಹೋಗುತ್ತದೆ.

ತಡವಾದವರಲ್ಲಿ ದೊಡ್ಡವರೂ ಇದ್ದಾರೆ. 1962ರ ವಿಶ್ವಕಪ್ಪಿನಲ್ಲಿ ಚಿಲಿ–ಇಟಲಿ ಪಂದ್ಯ ಹೊಡೆದಾಟವೇ ಆಗಿಹೋಯಿತು. ಇಟಲಿಯ ಫೆರ್ರಿನಿಯನ್ನು ಹೊರಗಟ್ಟಿದರೂ ಅವನು ಹೋಗದೆ ಪೊಲೀಸರು ಬರಬೇಕಾಯಿತು, ಚಿಲಿಯ ಸ್ಯಾಂಚೆಸ್ ಗುದ್ದಿಯೂ ಅಂಗಳದಲ್ಲೇ ಉಳಿದ. ಅಂದಿನ ರೆಫರಿ ಕೆನ್ ಆಸ್ಟನ್. ಅದೇ ಆಸ್ಟನ್, 1966ರ ಇಂಗ್ಲೆಂಡ್–ಅರ್ಜೆಂಟೀನಾ ಪಂದ್ಯದ ಗೊಂದಲದ ಬಳಿಕ ಲಂಡನ್ನಿನ ಟ್ರಾಫಿಕ್ ದೀಪಗಳನ್ನು ನೋಡಿ ಹಳದಿ, ಕೆಂಪು ಕಾರ್ಡುಗಳನ್ನು ಯೋಚಿಸಿದ. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಅವು ಬಂದವು. 1982ರ ವಿಶ್ವಕಪ್ಪಿನ ಸೆವಿಲ್ ಸೆಮಿಫೈನಲ್ಲಿನಲ್ಲಿ ಜರ್ಮನಿಯ ಗೋಲ್‌ಕೀಪರ್ ಶುಮಾಖರ್ ಗುದ್ದಿದ ರಭಸಕ್ಕೆ ಫ್ರಾನ್ಸಿನ ಬ್ಯಾಟಿಸ್ಟನ್ ಹಲ್ಲು ಕಳೆದುಕೊಂಡು ಪ್ರಜ್ಞೆ ತಪ್ಪಿ ಬಿದ್ದಾಗ ಆ ಪಂದ್ಯದ ರೆಫರಿ ಫೌಲ್ ಕೂಡ ಕೊಡಲಿಲ್ಲ. ಬ್ಯಾಟಿಸ್ಟನ್ ಮುಂದಿನ ವಿಶ್ವಕಪ್ಪನ್ನೂ ಆಡಿದ. ನಿನ್ನ ಹುಡುಗನ ಎಲುಬೂ ಕೂಡುತ್ತದೆ. ಆ ವಯಸ್ಸಿನ ಮೂಳೆ ಬೇಗ ಕೂಡುತ್ತದೆ.

ಇನ್ನು ಸಲಹೆ. ನಿಯಮಗಳು ಈಗ ಬಹಳ ಬದಲಾಗಿವೆ, ನಿನಗೆ ಕಲಿಸುವವರು ನನಗಿಂತ ಬಲ್ಲವರು, ಆದ್ದರಿಂದ ಸಂಕೋಚದಿಂದಲೇ ಬರೆಯುತ್ತೇನೆ. ಅಡ್ವಾಂಟೇಜ್ ಕೊಟ್ಟ ಮೇಲೆ ಅದು ಫಲಿಸದಿದ್ದರೆ ಕೆಲವು ಕ್ಷಣಗಳೊಳಗೆ ಹಿಂದಕ್ಕೆ ಕರೆಯಬಹುದೆಂದು ನಿಯಮವೇ ಹೇಳುತ್ತದೆ. ಅಂದರೆ ನೀನು ಕಾದದ್ದು ಕರ್ತವ್ಯಲೋಪವಲ್ಲ. ಆದರೆ ಮೊದಲ ಏಟು ಕಟುವಾಗಿದ್ದರೆ, ಗೋಲು ಎದುರಿಗೇ ಕಾಣದಿದ್ದರೆ, ಕಾಯದೆ ನಿಲ್ಲಿಸಿಬಿಡು, ಮೈದಾನದವರು ಬೈದರೆ ಬೈಯಲಿ. ಕೈ ಚಾಚಿದಾಗ ಚೆಂಡಿನ ಹಿಂದೆ ಪೂರ್ತಿ ತಿರುಗಬೇಡ, ಏಟು ತಿಂದವನ ಗೆಳೆಯರ ಮುಖವನ್ನೊಮ್ಮೆ ನೋಡು. ಇದನ್ನು ಗೆರೆಯ ಮೇಲೆ ನಿಂತು ಕಲಿತೆನೇ ಹೊರತು ಸೀಟಿ ಹಿಡಿದಲ್ಲ, ಅಷ್ಟೇ ಇದರ ಬೆಲೆ.

ಆ ಹುಡುಗನನ್ನು ನೋಡಲು ಹೋಗಲೇ, ಬೇಡವೇ ಎಂದು ಕೇಳಿರುವೆ. ಹೋಗು, ಒಬ್ಬಳೇ ಬೇಡ, ತರಬೇತುದಾರರ ಜೊತೆ ಹೋಗು. ಕ್ಷಮೆ ಕೇಳಲು ಹೋಗುತ್ತಿರುವೆನೆಂದು ಮಾತ್ರ ಅಂದುಕೊಳ್ಳಬೇಡ. ಮುಂದಿನ ಭಾನುವಾರದ ಪಂದ್ಯಕ್ಕೆ ನಿನ್ನ ಹೆಸರು ಹಾಕಿದ್ದಾರೆಂದು ನಿನ್ನ ಅಪ್ಪ ಹೇಳಿದ. ಅದನ್ನು ತೆಗೆಸುವ ವಿಚಾರವಿದ್ದರೆ ಶುಕ್ರವಾರದೊಳಗೆ ನನಗೆ ಫೋನು ಮಾಡು, ಮಾತಾಡಿದ ಮೇಲೆ ತೀರ್ಮಾನಿಸು. ಅವನ ಪ್ಲಾಸ್ಟರ್ ಎಂದು ತೆಗೆಯುತ್ತಾರೆಂಬುದನ್ನೂ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ